ಹತ್ತಿರದ ಕಾಲೇಜಿನಿಂದ ಸಣ್ಣ ಕಾರ್ಖಾನೆಗೆ ನಿಜವಾಗಿ ಏನು ಸಿಗುತ್ತೆ? ಅನುಭವ ಇದ್ದವರು ಹೇಳಿ

ಕೇಳಿದವರು: ಹುಬ್ಬಳ್ಳಿ, ತಾರಿಹಾಳ

ನಮಸ್ಕಾರ್ರೀ. ತಾರಿಹಾಳ ಇಂಡಸ್ಟ್ರಿಯಲ್ ಏರಿಯಾದಲ್ಲಿ ನಮ್ಮದೊಂದು ಮಷಿನ್ ಶಾಪ್ ಇದೆ. ವಾಲ್ವ್ ಕಂಪನಿಗಳಿಗೆ ಬಾಡಿ, ಬಾನೆಟ್, ಫ್ಲೇಂಜ್ ಅಂತ ವಾಲ್ವ್ ಭಾಗಗಳ ಮಷಿನಿಂಗ್ ಮಾಡಿಕೊಡುತ್ತೇವೆ. ಎಲ್ಲ ಸೇರಿ 19 ಜನ. ಸಿಎನ್‌ಸಿ (ಕಂಪ್ಯೂಟರ್ ನಡೆಸುವ ಮಷಿನ್) ಆಪರೇಟರ್‌ಗಳು ಕೈ ಪಳಗಿದ ಕೂಡಲೇ ಪುಣೆ, ಬೆಂಗಳೂರು ಅಂತ ಹೊರಡುತ್ತಾರೆ. ಬಿಇ ಹುಡುಗರಂತೂ ಆರು ತಿಂಗಳು ನಿಲ್ಲಲ್ಲ. ಮೊನ್ನೆ ಒಂದು ಕಾಲೇಜಿನವರು ಬಂದು ‘ಎಂಒಯು (ಒಟ್ಟಿಗೆ ಕೆಲಸ ಮಾಡುವ ಒಪ್ಪಂದ ಪತ್ರ) ಮಾಡಿಕೊಳ್ಳೋಣ’ ಅಂದರು. ಮಾಡಿಕೊಂಡರೆ ನಮಗೇನು ಸಿಗುತ್ತೆ ಅಂತ ಕೇಳಿದೆ. ಸರಿಯಾದ ಉತ್ತರ ಬರಲಿಲ್ಲ. ಕಾಲೇಜು, ಯೂನಿವರ್ಸಿಟಿ ಜೊತೆ ಕೆಲಸ ಮಾಡಿದ ಉದ್ಯಮದವರು ಇದ್ದರೆ ನಿಮ್ಮ ಅನುಭವ ಹೇಳಿ. ಒಳ್ಳೆಯದು, ಕೆಟ್ಟದ್ದು ಎರಡೂ ಬೇಕು.

ಬೆಳಗಾವಿ, ಉದ್ಯಮಬಾಗ್, ಫೌಂಡ್ರಿ

ಸಹಿ ಹಾಕಿ, ತೊಂದರೆ ಇಲ್ಲ. ಆದರೆ ಆ ಕಾಗದದಿಂದ ಏನೂ ಬರಲ್ಲ. ಬರುವುದೆಲ್ಲ ಯಾರೋ ಒಬ್ಬ ಮೇಷ್ಟ್ರ ಕಡೆಯಿಂದ ಬರುತ್ತೆ. ಆ ಒಬ್ಬರನ್ನು ಹುಡುಕುವುದೇ ನಿಮ್ಮ ಮೊದಲ ಕೆಲಸ.

ನಮ್ಮದು ಗ್ರೀನ್ ಸ್ಯಾಂಡ್ ಫೌಂಡ್ರಿ, ಅಂದರೆ ತೇವದ ಮರಳಿನ ಅಚ್ಚಿಗೆ ಲೋಹ ಸುರಿದು ಎರಕ ಹೊಯ್ಯುವುದು. ಬ್ಲೋ ಹೋಲ್ (ಎರಕದಲ್ಲಿ ಗ್ಯಾಸಿನಿಂದ ಬೀಳುವ ತೂತು) ರಿಜೆಕ್ಷನ್ ತಲೆ ತಿನ್ನುತ್ತಿತ್ತು. ನಾನು ಪ್ಲೇಸ್‌ಮೆಂಟ್ ಆಫೀಸರ್ ಹತ್ತಿರ ಹೋಗಲೇ ಇಲ್ಲ. ಮೆಕ್ಯಾನಿಕಲ್ ವಿಭಾಗದಲ್ಲಿ ಕಾಸ್ಟಿಂಗ್ ಪಾಠ ಮಾಡುವ ಸರ್ ಯಾರು ಅಂತ ಕೇಳಿಕೊಂಡು ನೇರ ಅವರ ರೂಮಿಗೆ ಹೋದೆ. ರಿಜೆಕ್ಟ್ ಆದ ಒಂದು ಪೀಸ್ ಟೇಬಲ್ ಮೇಲೆ ಇಟ್ಟೆ. ಅವರಿಗೂ ಖುಷಿಯಾಯಿತು. ಕೊನೇ ವರ್ಷದ ಪ್ರಾಜೆಕ್ಟ್‌ಗೆ ನಾಲ್ಕು ಹುಡುಗರನ್ನು ಕಳಿಸಿದರು.

ಹುಡುಗರು ಬಂದವರೇ ‘ಸೆನ್ಸರ್ ಹಾಕ್ತೀವಿ, ಆ್ಯಪ್ ಮಾಡ್ತೀವಿ’ ಅಂತ ಶುರು ಮಾಡಿದರು. ಬೇಡ ಮಾರಾಯ್ರಾ, ಮೊದಲು ಸುಮ್ನೆ ಲೆಕ್ಕ ಇಡಿ ಅಂದೆ. ಯಾವ ಶಿಫ್ಟು, ಯಾವ ಪ್ಯಾಟರ್ನ್ (ಮರಳಲ್ಲಿ ಅಚ್ಚು ಮೂಡಿಸುವ ಮಾದರಿ), ಮರಳಿನ ತೇವ ಎಷ್ಟು, ವಾಪಸ್ ಬರುವ ಮರಳು ಎಷ್ಟು ಬಿಸಿ ಇದೆ, ತೂತು ಎಲ್ಲಿ ಬಿದ್ದಿದೆ. ಇಷ್ಟೇ. ಇದನ್ನೆಲ್ಲ ಬರೆದಿಡಲು ನಮ್ಮ ಸೂಪರ್‌ವೈಸರ್‌ಗೆ ಪುರುಸೊತ್ತು ಎಲ್ಲಿರುತ್ತೆ ಹೇಳಿ. ಹುಡುಗರು ಬರೆದರು. ಎರಡನೇ ಶಿಫ್ಟಿನ ಕೊನೆಯಲ್ಲೇ ರಿಜೆಕ್ಷನ್ ಜಾಸ್ತಿ ಅಂತ ಕಂಡಿತು. ಕಾರಣ ಬಿಸಿ ಮರಳು. ತಣಿಯುವ ಮೊದಲೇ ಅದು ಮೋಲ್ಡಿಂಗ್‌ಗೆ ವಾಪಸ್ ಬರುತ್ತಿತ್ತು. ಬಿಸಿ ಮರಳಲ್ಲಿ ತೇವ ನಿಲ್ಲಲ್ಲ, ಪ್ಯಾಟರ್ನ್‌ಗೆ ಅಂಟುತ್ತೆ. ಹಾಗಂತ ಮಿಕ್ಸರ್‌ನವನು ಇನ್ನಷ್ಟು ನೀರು ಬಿಡುತ್ತಾನೆ. ಆಮೇಲೆ ಲೋಹ ಸುರಿದಾಗ ಆ ನೀರೇ ಗ್ಯಾಸ್ ಆಗಿ ತೂತು ಬೀಳುತ್ತೆ. ನಮ್ಮ ಹಳೇ ಮಿಸ್ತ್ರಿಗೆ ಇದು ಮೊದಲೇ ಗೊತ್ತಿತ್ತಂತೆ. ಆದರೆ ‘ಬಿಸಿ ಮರಳು ಸರಿ ಇಲ್ಲ ಸಾಹೇಬ್ರ’ ಅಂದರೆ ಯಾವ ಮಾಲೀಕ ದುಡ್ಡು ಬಿಚ್ಚುತ್ತಾನೆ? ಹುಡುಗರ ಚಾರ್ಟ್ ಗೋಡೆಗೆ ಅಂಟಿಸಿದ ಮೇಲೆ ಹೊಸ ಮರಳು ತರಿಸಿ ಒಟ್ಟು ಮರಳು ಹೆಚ್ಚಿಸಿದೆವು, ತಣಿಯಲು ಹೊತ್ತು ಕೊಟ್ಟೆವು. ರಿಜೆಕ್ಷನ್ ಇಳಿಯಿತು.

ಆ ನಾಲ್ವರಲ್ಲಿ ಒಬ್ಬ ನಮ್ಮಲ್ಲೇ ಸೇರಿದ. ಇಂಟರ್‌ವ್ಯೂ ಬೇಕಾಗಲಿಲ್ಲ. ಅವನು ಹೇಗೆ ಅಂತ ನಮಗೆ ಗೊತ್ತಿತ್ತು, ನಾವು ಹೇಗೆ ಅಂತ ಅವನಿಗೂ ಗೊತ್ತಿತ್ತು.

ನಿಮ್ಮಲ್ಲಿ ಇಂಥದ್ದೇ ಒಂದು ಸಣ್ಣ ಪ್ರಶ್ನೆ ಆರಿಸಿ. ಒಂದು ಜಾಬ್ ಇಳಿಸಿ ಇನ್ನೊಂದು ಏರಿಸುವ ಸೆಟ್ಟಿಂಗ್‌ಗೆ ಎಷ್ಟು ಹೊತ್ತು ಹೋಗುತ್ತೆ, ಎಲ್ಲಿ ಹೋಗುತ್ತೆ? ಇನ್ಸರ್ಟ್ (ಲೋಹ ಕತ್ತರಿಸುವ ಟೂಲ್‌ನ ತುದಿ) ಎಷ್ಟು ಪೀಸ್ ಬಾಳುತ್ತೆ? ‘ಉತ್ಪಾದಕತೆ ಹೆಚ್ಚಿಸಿ ಕೊಡಿ’ ಅಂತ ಮಾತ್ರ ಹೇಳಬೇಡಿ. ಅದಕ್ಕೆ ಅರವತ್ತು ಪುಟದ ರಿಪೋರ್ಟ್ ಬರುತ್ತೆ, ಚಿನ್ನದ ಅಕ್ಷರದ ಬೈಂಡಿಂಗ್ ಹಾಕಿ.

ಹಿಂದೆ ಖಾಸಗಿ ಇಂಜಿನಿಯರಿಂಗ್ ಕಾಲೇಜಿನಲ್ಲಿದ್ದವನು

ಎಂಒಯು ಯಾಕೆ ಕೇಳ್ತಾರೆ ಅಂತ ತಿಳಿದುಕೊಳ್ಳಿ ಸರ್. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಮೌಲ್ಯಮಾಪನದಲ್ಲಿ ಉದ್ಯಮದ ಜೊತೆಗಿನ ಒಪ್ಪಂದಗಳ ಲೆಕ್ಕ ಕೊಡಬೇಕು. ತಾಂತ್ರಿಕ ಕೋರ್ಸ್‌ಗಳಿಗೆ ಮಾನ್ಯತೆ ಕೊಡುವ ಎನ್‌ಬಿಎ ತಂಡ ಬಂದಾಗಲೂ ‘ಇಂಡಸ್ಟ್ರಿ ಸಂಪರ್ಕ ಏನಿದೆ’ ಅಂತ ಕೇಳುತ್ತಾರೆ. ಒಂದು ಫೋಟೊ, ಒಂದು ಬ್ಯಾನರ್, ಒಂದು ಶಾಲು ಅಷ್ಟಕ್ಕೇ ಮುಗಿಯುವ ಎಂಒಯುಗಳು ಬೇಕಾದಷ್ಟು.

ಆದರೆ ನಿಮ್ಮ ಸಹಿ ಅವರಿಗೆ ಬೇಕು ಅಂದ ಮೇಲೆ ನೀವೂ ಏನಾದರೂ ಕೇಳಬಹುದಲ್ವಾ? ಕೇಳಿ. ಕಾಗದದಲ್ಲೇ ಬರೆಸಿ: ನಮ್ಮ ಜೊತೆ ಮಾತಾಡುವ ಅಧ್ಯಾಪಕರು ಯಾರು, ವರ್ಷಕ್ಕೆ ಎಷ್ಟು ಪ್ರಾಜೆಕ್ಟ್, ಲ್ಯಾಬ್ ಬಳಕೆಗೆ ದರ ಎಷ್ಟು.

ಇನ್ನೊಂದು ಮುಖ್ಯ ವಿಷಯ. ಆ ಕಾಲೇಜು ಸ್ವಾಯತ್ತವೋ ಅಲ್ಲವೋ ಕೇಳಿ. ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಪಠ್ಯಕ್ರಮವನ್ನೇ ಓದಿಸುವ ಕಾಲೇಜಿಗೆ ಸಿಲಬಸ್ ಮುಟ್ಟಲು ಬರಲ್ಲ. ಸ್ವಾಯತ್ತ ಕಾಲೇಜಾದರೆ ಪಠ್ಯಕ್ರಮ ರೂಪಿಸುವ ಅದರ ಬೋರ್ಡ್ ಆಫ್ ಸ್ಟಡೀಸ್‌ನಲ್ಲಿ ಉದ್ಯಮದವರು ಒಬ್ಬರು ಇರಲೇಬೇಕು ಅಂತ ಯುಜಿಸಿ ನಿಯಮ ಇದೆ. ಸಾಮಾನ್ಯವಾಗಿ ಬೆಂಗಳೂರಿನ ಯಾವುದೋ ಸಾಫ್ಟ್‌ವೇರ್ ಕಂಪನಿಯವರನ್ನು ಕೂರಿಸುತ್ತಾರೆ. ಹುಬ್ಬಳ್ಳಿಯ ವಾಲ್ವ್ ಉದ್ಯಮದವರು ಯಾಕೆ ಕೂರಬಾರದು? ನೀವೊಬ್ಬರೇ ಹೋದರೆ ಕೇಳಲಿಕ್ಕಿಲ್ಲ. ನಿಮ್ಮಂಥ ಐದಾರು ಘಟಕದವರು ಸೇರಿ ಹೋಗಿ. ಡ್ರಾಯಿಂಗ್ ಓದುವುದು, ಟಾಲರೆನ್ಸ್ (ಅಳತೆಯಲ್ಲಿ ಎಷ್ಟು ಹೆಚ್ಚುಕಮ್ಮಿ ನಡೆಯುತ್ತೆ ಅನ್ನುವುದು), ಅಳತೆಯ ಗೇಜ್ ಹಿಡಿಯುವುದು, ಇಷ್ಟನ್ನು ಒಂದು ಐಚ್ಛಿಕ ವಿಷಯವಾಗಿ ಇಡಿಸಿದರೂ ದೊಡ್ಡದೇ.

ಸರ್ಕಾರಿ ಪಾಲಿಟೆಕ್ನಿಕ್ ಉಪನ್ಯಾಸಕಿ

ಮೇಲಿನವರು ಇಂಜಿನಿಯರಿಂಗ್ ಕಾಲೇಜಿನ ಬಗ್ಗೆಯೇ ಹೇಳಿದ್ದಾರೆ. ಅಣ್ಣಾ, ನಿಮ್ಮ ಕೆಲಸಕ್ಕೆ ಡಿಪ್ಲೊಮಾ ಮಕ್ಕಳು ಹೆಚ್ಚು ಹೊಂದುತ್ತಾರೆ. ಮಷಿನ್ ಮುಂದೆ ನಿಲ್ಲುವುದು ಅವರಿಗೆ ಅವಮಾನ ಅನ್ನಿಸಲ್ಲ.

ಉದ್ಯಮದವರು ನಮ್ಮ ಹತ್ತಿರ ಬರುವ ಹೊತ್ತೇ ತಪ್ಪಿರುತ್ತೆ. ಆರ್ಡರ್ ಬಂದಾಗ ಓಡಿ ಬಂದು ‘ನಾಳೆಯಿಂದ ಮೂರು ಹುಡುಗರು ಬೇಕು’ ಅಂತಾರೆ. ಆಗ ನಮ್ಮಲ್ಲಿ ಪರೀಕ್ಷೆ ಇರುತ್ತೆ. ನಮ್ಮ ಡಿಪ್ಲೊಮಾದ 2020ರ (ಸಿ-20) ಪಠ್ಯಕ್ರಮದಲ್ಲಿ ಆರನೇ ಸೆಮಿಸ್ಟರ್ ಇರುವುದೇ ಇಂಟರ್ನ್‌ಶಿಪ್, ಪ್ರಾಜೆಕ್ಟ್‌ಗೆ. ಐದನೇ ಸೆಮಿಸ್ಟರ್ ನಡೆಯುವಾಗಲೇ ಬಂದು ಹೇಳಿಡಿ. ಬಿಇ ಹುಡುಗರಿಗೆ ವಿಟಿಯುನ 2022ರ ಸ್ಕೀಮ್‌ನಲ್ಲಿ ಇಂಟರ್ನ್‌ಶಿಪ್ ಎಂಟನೇ ಸೆಮಿಸ್ಟರ್‌ಗೆ ಬರುತ್ತೆ, ಆದರೆ ಪ್ರಾಜೆಕ್ಟ್ ವಿಷಯ ಆರನೇ ಸೆಮಿಸ್ಟರ್‌ನಲ್ಲೇ ಗೊತ್ತಾಗಿರುತ್ತೆ. ಏಳರಲ್ಲಿ ಹೋದರೆ ಹುಡುಗರು ಯಾವುದೋ ರೆಡಿಮೇಡ್ ಪ್ರಾಜೆಕ್ಟ್ ಕೊಂಡು ತಂದಾಗಿರುತ್ತೆ. (ಅಂಗಡಿಗಳೇ ಇವೆ, ಗೊತ್ತಲ್ಲ.)

ಪ್ರಾಜೆಕ್ಟ್‌ಗೆ ಖರ್ಚಿದ್ದರೆ ಕೆಎಸ್‌ಸಿಎಸ್‌ಟಿ ಇದೆ. ಬೆಂಗಳೂರಿನ ಐಐಎಸ್‌ಸಿ ಆವರಣದಲ್ಲಿರುವ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ. ಆಯ್ಕೆಯಾದ ವಿದ್ಯಾರ್ಥಿ ಪ್ರಾಜೆಕ್ಟ್‌ಗಳಿಗೆ ಸ್ವಲ್ಪ ಹಣ ಕೊಡುತ್ತಾರೆ. ಅರ್ಜಿ ಕಾಲೇಜಿನ ಮೂಲಕವೇ ಹೋಗಬೇಕು.

ನಮಗೆ ನಿಮ್ಮಿಂದ ಬೇಕಾದದ್ದು ದೊಡ್ಡದೇನಲ್ಲ. ಮಕ್ಕಳ ಡೈರಿ ನೋಡಿ ಸಹಿ ಹಾಕುವ ಒಬ್ಬರು, ಸೇಫ್ಟಿ ಶೂ, ಕನ್ನಡಕ, ಬಸ್ ಖರ್ಚು. ಮತ್ತೆ ದಯವಿಟ್ಟು ಅವರನ್ನು ಚಹಾ ತರಲು, ಮಷಿನ್‌ನ ಲೋಹದ ಚೂರು (ಚಿಪ್ಸ್) ಗುಡಿಸಲು ಮಾತ್ರ ಇಟ್ಟುಕೊಳ್ಳಬೇಡಿ. ಒಂದು ಬ್ಯಾಚ್ ಬಂದು ಹೋಗಿ ‘ಅಲ್ಲಿ ಏನೂ ಕಲಿಸಲ್ಲ’ ಅಂದರೆ ಮುಂದಿನ ಬ್ಯಾಚ್ ಆ ಗೇಟಿನ ಕಡೆ ತಲೆ ಹಾಕಲ್ಲ.

ಲ್ಯಾಬ್ ಬಗ್ಗೆ: ಸಿವಿಲ್ ವಿಭಾಗಗಳು ಕಂಟ್ರಾಕ್ಟರ್‌ಗಳ ಕಾಂಕ್ರೀಟ್ ಕ್ಯೂಬು, ಕಬ್ಬಿಣ ಟೆಸ್ಟ್ ಮಾಡಿಕೊಡುವುದು ಹೊಸದಲ್ಲ. ಮೆಕ್ಯಾನಿಕಲ್‌ನಲ್ಲೂ ಯುಟಿಎಂ (ಲೋಹವನ್ನು ಎಳೆದು, ಒತ್ತಿ ಬಲ ನೋಡುವ ಯಂತ್ರ), ಹಾರ್ಡ್‌ನೆಸ್ ಟೆಸ್ಟರ್ ಇರುತ್ತವೆ. ಫೀಸ್ ಕಟ್ಟಿ ಮಾಡಿಸಬಹುದು. ಆದರೆ ನಿಮ್ಮ ಗ್ರಾಹಕರು ಎನ್‌ಎಬಿಎಲ್ (ಲ್ಯಾಬ್‌ಗಳಿಗೆ ಮಾನ್ಯತೆ ಕೊಡುವ ಮಂಡಳಿ) ರಿಪೋರ್ಟ್ ಕೇಳಿದರೆ ಮಾನ್ಯತೆ ಇಲ್ಲದ ಕಾಲೇಜಿನ ಕಾಗದ ನಡೆಯಲ್ಲ. ನಿಮ್ಮ ಒಳಗಿನ ತಪಾಸಣೆಗೆ ಸಾಕು.

ಪಿಎಫ್, ಇಎಸ್‌ಐ ಕೆಲಸ ಮಾಡಿಕೊಡುವವನು

ಯಾರೂ ಅಪ್ರೆಂಟಿಸ್ ಬಗ್ಗೆ ಹೇಳಲಿಲ್ಲವಲ್ಲ!

1961ರ ಅಪ್ರೆಂಟಿಸ್ ಕಾಯ್ದೆ. ಅದರ ನಿಯಮಗಳಿಗೆ 2019ರಲ್ಲಿ ತಿದ್ದುಪಡಿ ಆಯಿತು. 30 ಅಥವಾ ಅದಕ್ಕಿಂತ ಜಾಸ್ತಿ ಜನ ಇರುವ ಕಡೆ ಅಪ್ರೆಂಟಿಸ್ ತೆಗೆದುಕೊಳ್ಳುವುದು ಕಡ್ಡಾಯ. 4ರಿಂದ 29 ಜನ ಇದ್ದರೆ ನಿಮ್ಮ ಇಷ್ಟ. ಅಂದರೆ ನೀವು ಇಷ್ಟಪಟ್ಟರೆ ತೆಗೆದುಕೊಳ್ಳಬಹುದು. ಹೆಚ್ಚೆಂದರೆ ಒಟ್ಟು ಜನರ ಶೇ. 15ರಷ್ಟು. ನಿಮ್ಮ 19ಕ್ಕೆ ಇಬ್ಬರು ಅಂತಿಟ್ಟುಕೊಳ್ಳಿ.

ಪದವಿ, ಡಿಪ್ಲೊಮಾ ಮುಗಿಸಿದವರಿಗೆ ನ್ಯಾಟ್ಸ್ ಅನ್ನುವ ಕೇಂದ್ರದ ಅಪ್ರೆಂಟಿಸ್ ಯೋಜನೆ, ಒಂದು ವರ್ಷ. 2019ರ ನಿಯಮದ ಪ್ರಕಾರ ಕನಿಷ್ಠ ಸ್ಟೈಪೆಂಡ್ ಪದವೀಧರರಿಗೆ ತಿಂಗಳಿಗೆ 9,000, ಡಿಪ್ಲೊಮಾದವರಿಗೆ 8,000 ರೂಪಾಯಿ. ಈ ಕನಿಷ್ಠದ ಅರ್ಧ ಕೇಂದ್ರ ಸರ್ಕಾರದ್ದು. ಐಟಿಐ ಟ್ರೇಡ್‌ನವರಿಗೆ 2016ರಲ್ಲಿ ಶುರುವಾದ ನ್ಯಾಪ್ಸ್ ಅನ್ನುವ ಇನ್ನೊಂದು ಯೋಜನೆ, ಅದರಲ್ಲಿ ಸರ್ಕಾರದ ಪಾಲು ಶೇ. 25, ತಿಂಗಳಿಗೆ 1,500 ರೂಪಾಯಿ ಮೀರದಂತೆ. ಸರ್ಕಾರದ ಪಾಲನ್ನು ಈಗ ನೇರವಾಗಿ ಹುಡುಗರ ಬ್ಯಾಂಕ್ ಖಾತೆಗೇ ಹಾಕುವ ವ್ಯವಸ್ಥೆ ಬಂದಿದೆ. ದರ ಬದಲಾಗಬಹುದು, ಹಾಗಾಗಿ ಒಪ್ಪಂದ ಮಾಡುವ ದಿನದ ದರವನ್ನು ಯೋಜನೆಯ ಪೋರ್ಟಲ್‌ನಲ್ಲೇ ನೋಡಿಕೊಳ್ಳಿ. ನಮ್ಮ ರಾಜ್ಯದ ನ್ಯಾಟ್ಸ್ ಕೆಲಸ ನೋಡುವುದು ಚೆನ್ನೈನಲ್ಲಿರುವ ಅಪ್ರೆಂಟಿಸ್‌ಶಿಪ್ ತರಬೇತಿ ಮಂಡಳಿ.

ಈ ಕಾಯ್ದೆಯಡಿ ನೋಂದಾಯಿಸಿದ ಅಪ್ರೆಂಟಿಸ್ ಕಾರ್ಮಿಕ ಅಲ್ಲ, ತರಬೇತಿಗೆ ಬಂದವನು. ಪಿಎಫ್, ಇಎಸ್‌ಐ ಬರಲ್ಲ. ಆದರೆ ಕೈಗೆ ಕಾಲಿಗೆ ಪೆಟ್ಟಾದರೆ ಪರಿಹಾರದ ಹೊಣೆ ನಿಮ್ಮದೇ. ಒಂದು ವಿಮೆ ಮಾಡಿಸಿಡಿ. ಪೋರ್ಟಲ್‌ನಲ್ಲಿ ಹಾಕದೆ ‘ಟ್ರೇನಿ’ ಅಂತ ಬಾಯಲ್ಲಿ ಕರೆದು ಇಟ್ಟುಕೊಂಡರೆ ಈ ಯಾವ ರಿಯಾಯಿತಿಯೂ ಇಲ್ಲ. ಇನ್‌ಸ್ಪೆಕ್ಷನ್ ಬಂದಾಗ ಜನ ಸಿಕ್ಕಿಬೀಳುವುದು ಇಲ್ಲೇ.

ಅರ್ಧ ಸಂಬಳಕ್ಕೆ ಆಳು ಸಿಕ್ಕ ಅಂತ ಮಾಡಬೇಡಿ. ಒಂದು ವರ್ಷ ನೋಡಿ ಆರಿಸಿಕೊಳ್ಳಲು ಅವಕಾಶ ಅಂತ ಮಾಡಿ.

ಧಾರವಾಡ, ರೊಟ್ಟಿ ಮತ್ತು ಚಟ್ನಿಪುಡಿ ಘಟಕ

ನಮ್ಮದು ಮಷಿನ್ ಶಾಪ್ ಅಲ್ಲ, ಆದರೂ ಹೇಳ್ತೀನಿ. ಶೇಂಗಾ ಚಟ್ನಿ ಕೆಲವು ವಾರಕ್ಕೇ ಕಮಟು ವಾಸನೆ ಹೊಡೆಯುತ್ತಿತ್ತು. ಎಣ್ಣೆ ಅಂಶ ಜಾಸ್ತಿ ಇರುವ ಪುಡಿಗೆ ಗಾಳಿ, ಬೆಳಕು ತಾಗಬಾರದು ಅಂತ ವಿವರವಾಗಿ ತಿಳಿಸಿದ್ದು ಇಲ್ಲಿನ ಕೃಷಿ ವಿಶ್ವವಿದ್ಯಾಲಯದ ಸಮುದಾಯ ವಿಜ್ಞಾನ ಕಾಲೇಜಿನವರು. ಪಾರದರ್ಶಕ ಕವರ್ ಬಿಟ್ಟು ಬೇರೆ ಪ್ಯಾಕಿಂಗ್‌ಗೆ ಹೋದೆವು. ಎಂಎಸ್‌ಸಿ ಓದುತ್ತಿದ್ದ ಹುಡುಗಿಯೊಬ್ಬಳು ಅದನ್ನೇ ತನ್ನ ಅಧ್ಯಯನಕ್ಕೆ ಇಟ್ಟುಕೊಂಡು ವಾರವಾರ ಸ್ಯಾಂಪಲ್ ಒಯ್ದಳು.

ಆಹಾರದ ಉದ್ಯಮ ಮಾಡುವವರು ಯಾರಾದರೂ ಇದನ್ನು ಓದುತ್ತಿದ್ದರೆ, ಮೈಸೂರಿನ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಕಿರು ಅವಧಿಯ ಕೋರ್ಸ್ ನಡೆಸುತ್ತೆ. ಹೆಬ್ಬಾಳದಲ್ಲಿ ಬೆಂಗಳೂರು ಕೃಷಿ ವಿವಿಯ ಬೇಕರಿ ತರಬೇತಿ ಘಟಕ ಇದೆ. ಡಿಗ್ರಿ ಇಲ್ಲದವರೂ ಇಂಥ ಕಡೆ ಕಲಿಯಬಹುದು. ನಮ್ಮಂಥವರಿಗೆ ಪದವೀಧರರಿಗಿಂತ ಈ ತರಬೇತಿಯೇ ಹೆಚ್ಚು ಉಪಯೋಗಕ್ಕೆ ಬಂತು.

ಬಿಇ ಮುಗಿಸಿ ಸಣ್ಣ ಘಟಕದಲ್ಲೇ ಉಳಿದವನು

ಹುಡುಗರು ಯಾಕೆ ನಿಲ್ಲಲ್ಲ ಅಂತ ಹುಡುಗರನ್ನೇ ಕೇಳಿ ಸರ್. ಸಂಬಳ ಒಂದು ಕಾರಣ, ಆದರೆ ಅದೊಂದೇ ಅಲ್ಲ. ಮನೆಯಲ್ಲಿ ‘ಎಲ್ಲಿ ಕೆಲಸ’ ಅಂತ ಕೇಳಿದಾಗ ಹೇಳಲು ಒಂದು ಹೆಸರು ಬೇಕು, ಕಾರ್ಡ್ ಮೇಲೆ ಒಂದು ಹುದ್ದೆ ಬೇಕು. ಇನ್ನೊಂದು ವರ್ಷಕ್ಕೆ ತಾನು ಏನಾಗಿರುತ್ತೇನೆ ಅಂತ ಕಾಣಬೇಕು. ದೊಡ್ಡ ಕಂಪನಿಯಲ್ಲಿ ಒಂದೇ ಮಷಿನ್ ಪಕ್ಕ ನಿಲ್ಲಿಸುತ್ತಾರೆ. ನನಗೆ ಇಲ್ಲಿ ಮೊದಲ ವರ್ಷವೇ ಕೊಟೇಷನ್ ಹಾಕುವುದು ಕಲಿಸಿದರು, ಗ್ರಾಹಕರ ಆಡಿಟ್‌ನಲ್ಲಿ ಮಾತಾಡಲು ಬಿಟ್ಟರು. ಅದಕ್ಕೇ ಉಳಿದೆ.

ಇನ್ನೊಂದು ಮಾತು. ನನ್ನ ಕ್ಲಾಸಿನ ಎಷ್ಟೋ ಹುಡುಗಿಯರು ಊರು ಬಿಟ್ಟು ಹೋಗಲು ಮನೆಯಲ್ಲಿ ಒಪ್ಪದೆ ಸುಮ್ನೆ ಕೂತಿದ್ದಾರೆ. ಕ್ವಾಲಿಟಿ, ಡಿಸೈನ್, ಪ್ಲಾನಿಂಗ್ ಎಲ್ಲಕ್ಕೂ ಬರುತ್ತಾರೆ. ಜನರಲ್ ಶಿಫ್ಟ್, ಸರಿಯಾದ ಟಾಯ್ಲೆಟ್, ಬಸ್ ಸ್ಟಾಪ್‌ನಿಂದ ಸುರಕ್ಷಿತ ದಾರಿ. ಇಷ್ಟು ಮಾಡಿ ಕಾಲೇಜಿಗೆ ಹೋಗಿ ಹೇಳಿದ ಕಾರ್ಖಾನೆ ನಮ್ಮ ಏರಿಯಾದಲ್ಲಿ ಬೆರಳೆಣಿಕೆಯಷ್ಟು.

ಕೇಳಿದವರು: ಹುಬ್ಬಳ್ಳಿ, ತಾರಿಹಾಳ

ಎಲ್ಲರಿಗೂ ಧನ್ಯವಾದರೀ. ಸೆಟ್ಟಿಂಗ್ ಟೈಮ್ ವಿಷಯ ಹಿಡಿದುಕೊಂಡು ಪ್ರೊಡಕ್ಷನ್ ಸರ್ ಒಬ್ಬರನ್ನು ನೋಡುತ್ತೇನೆ. ಟಾಯ್ಲೆಟ್ ಮಾತು ಮನಸ್ಸಿಗೆ ನಾಟಿತು, ನಮ್ಮಲ್ಲೂ ಒಂದೇ ಇರುವುದು. ಕೊನೇ ಪ್ರಶ್ನೆ: ಈಗಾಗಲೇ ಇರುವ ಆಪರೇಟರ್‌ಗಳಿಗೆ ತರಬೇತಿ? ಅವರನ್ನು ವಾರಗಟ್ಟಲೆ ಹೊರಗೆ ಕಳಿಸಲು ಆಗಲ್ಲ.

ಬೆಳಗಾವಿ, ಉದ್ಯಮಬಾಗ್, ಫೌಂಡ್ರಿ

ಜಿಟಿಟಿಸಿ (ಸರ್ಕಾರಿ ಟೂಲ್ ರೂಮ್ ಮತ್ತು ತರಬೇತಿ ಕೇಂದ್ರ) ಕೇಳಿ. 1972ರಲ್ಲಿ ಡೆನ್ಮಾರ್ಕ್ ನೆರವಿನಿಂದ ಬೆಂಗಳೂರಲ್ಲಿ ಶುರುವಾದ ಸರ್ಕಾರಿ ಸಂಸ್ಥೆ, ಹುಬ್ಬಳ್ಳಿಯಲ್ಲೂ ಕೇಂದ್ರ ಇದೆ. ಸಿಎನ್‌ಸಿ, ಕ್ಯಾಡ್-ಕ್ಯಾಮ್ (ಕಂಪ್ಯೂಟರ್ ಮೂಲಕ ಡಿಸೈನ್, ತಯಾರಿಕೆ) ಕಿರು ಕೋರ್ಸ್‌ಗಳನ್ನು ಮಾಡುತ್ತಾರೆ. ಅವರ ಟೂಲ್ ಅಂಡ್ ಡೈ ಡಿಪ್ಲೊಮಾದಲ್ಲಿ ಮೂರು ವರ್ಷ ಪಾಠ ಆದ ಮೇಲೆ ಒಂದು ವರ್ಷ ಕಾರ್ಖಾನೆಯಲ್ಲೇ ತರಬೇತಿ, ಆ ಹುಡುಗರಿಗೂ ಹೆಸರು ಕೊಟ್ಟಿಡಿ. ಬೇಗ ಖಾಲಿಯಾಗುತ್ತಾರೆ.

ಹೊರಗೆ ಕಳಿಸಲು ಆಗದಿದ್ದರೆ ಮೇಷ್ಟ್ರನ್ನೇ ಒಳಗೆ ಕರೆಸಿ. ನಮ್ಮಲ್ಲಿ ಶನಿವಾರ ಶಿಫ್ಟ್ ಮುಗಿದ ಮೇಲೆ ಒಂದೂವರೆ ತಾಸು ಪಾಠ ಇಟ್ಟಿದ್ದೆವು. ಕನ್ನಡದಲ್ಲೇ, ನಮ್ಮದೇ ಡ್ರಾಯಿಂಗ್, ನಮ್ಮದೇ ರಿಜೆಕ್ಟ್ ಪೀಸ್ ಮುಂದಿಟ್ಟುಕೊಂಡು. ಪಿಪಿಟಿ ತರಬೇಡಿ ಅಂತ ಮೊದಲೇ ಹೇಳಿದ್ದೆ. ಅವರ ಫೀಸು ಕಾಲೇಜಿನ ಕನ್ಸಲ್ಟೆನ್ಸಿ ಲೆಕ್ಕದಲ್ಲಿ ಕಟ್ಟಿದೆವು, ಆಪರೇಟರ್‌ಗಳಿಗೆ ಆ ತಾಸಿಗೆ ಓಟಿ ಕೊಟ್ಟೆವು. ಓಟಿ ಕೊಡದಿದ್ದರೆ ಎರಡನೇ ಶನಿವಾರ ಯಾರೂ ಇರಲ್ಲ, ನೋಡಿ.