ಕಲಬುರಗಿಯ ಏಪ್ರಿಲ್‌ನಲ್ಲಿ ಗ್ರಾಫಿಕ್ಸ್ ಕಾರ್ಡ್ 84 ಡಿಗ್ರಿ: ಥರ್ಮಲ್ ಪೇಸ್ಟ್ ಬದಲಿಸಬೇಕೇ?

ತೊಗರಿಕಣಜ:

ಎಲ್ಲರಿಗೂ ನಮಸ್ಕಾರ. ಮೂರು ವರ್ಷಗಳ ಹಿಂದೆ ಬೆಂಗಳೂರಿನಲ್ಲಿದ್ದಾಗ ಜೋಡಿಸಿಕೊಂಡ ಡೆಸ್ಕ್‌ಟಾಪನ್ನು ಕಳೆದ ಡಿಸೆಂಬರ್‌ನಲ್ಲಿ ಕಲಬುರಗಿಯ ಮನೆಗೆ ತಂದಿದ್ದೇನೆ. ಅದರಲ್ಲಿರುವುದು ಎರಡು ಫ್ಯಾನ್‌ಗಳ ಆರ್‌ಟಿಎಕ್ಸ್ 3060 ಕಾರ್ಡ್, 12 ಜಿಬಿ ಮೆಮೊರಿಯದು. ಬೆಂಗಳೂರಿನಲ್ಲಿ ಎಷ್ಟು ಹೊತ್ತು ಆಡಿದರೂ 70 ಡಿಗ್ರಿ ದಾಟದಿದ್ದ ಈ ಕಾರ್ಡ್, ಈಗ ಸೈಬರ್‌ಪಂಕ್ 2077 ಶುರು ಮಾಡಿದ ಹದಿನೈದು ನಿಮಿಷಗಳಲ್ಲಿ 84 ಡಿಗ್ರಿಗೆ ಏರಿ ಅಲ್ಲಿಯೇ ನಿಂತುಬಿಡುತ್ತದೆ. ಆರಂಭದಲ್ಲಿ 1920 ಮೆಗಾಹರ್ಟ್ಸ್ ತೋರಿಸುವ ಕ್ಲಾಕ್ (ಚಿಪ್ ಓಡುವ ವೇಗ) ಆ ಹೊತ್ತಿಗೆ 1800ರ ಕೆಳಗೆ ಇಳಿದಿರುತ್ತದೆ. ಹಳೆಯ ಸ್ಕ್ರೀನ್‌ಶಾಟ್ ಒಂದನ್ನು ತೆಗೆದು ನೋಡಿದರೆ ಆಗ ಫ್ಯಾನ್‌ಗಳು ಶೇ 55ರ ವೇಗದಲ್ಲಿ ಓಡುತ್ತಿದ್ದವು, ಈಗ ಶೇ 85ರಲ್ಲಿ ಓಡುತ್ತಿವೆ. ಪಕ್ಕದ ಕೋಣೆಯಲ್ಲಿ ಮಲಗುವ ಅಪ್ಪ, ‘ರಾತ್ರಿ ಹೊತ್ತಿನ್ಯಾಗ ಗಿರಣಿ ನಡಸ್ಲಿಕತ್ತೀಯೇನು’ ಎಂದು ಕೇಳುವಂತಾಗಿದೆ.

ಕೋಣೆಯಲ್ಲಿ ಸೀಲಿಂಗ್ ಫ್ಯಾನ್ ಮಾತ್ರ ಇದೆ. ಸಂಜೆ ಏಳು ಗಂಟೆಗೆ ಮೇಜಿನ ಮೇಲಿಟ್ಟ ಥರ್ಮಾಮೀಟರ್ 37 ಡಿಗ್ರಿ ತೋರಿಸುತ್ತದೆ. ಬೆಂಗಳೂರಿನ ಮನೆಯಲ್ಲಿ ಅದು ಹೆಚ್ಚೆಂದರೆ 26 ಇರುತ್ತಿತ್ತು. ಕ್ಯಾಬಿನೆಟ್‌ನ ಮುಂಭಾಗಕ್ಕೆ ಗಾಜು ಹಾಕಿದ್ದಾರೆ, ಅದರ ಹಿಂದೆ ಮೂರು ಬಣ್ಣದ ಫ್ಯಾನ್‌ಗಳಿವೆ, ಹಿಂಬದಿಯಲ್ಲಿ ಗಾಳಿ ಹೊರಹಾಕಲು ಒಂದು ಫ್ಯಾನ್ ಇದೆ. ಮಾನಿಟರ್ 1080ಪಿ, 75 ಹರ್ಟ್ಸ್‌ನದು, ಅಂದರೆ ಸೆಕೆಂಡಿಗೆ 75 ಫ್ರೇಮ್ (ಚಿತ್ರ) ತೋರಿಸುವಂಥದ್ದು. ಇಲ್ಲಿನ ಅಂಗಡಿಯೊಂದರಲ್ಲಿ ವಿಚಾರಿಸಿದಾಗ, ಚಿಪ್‌ನ ಶಾಖವನ್ನು ಅದರ ಮೇಲಿನ ಲೋಹದ ಹೀಟ್‌ಸಿಂಕ್‌ಗೆ ಸಾಗಿಸುವ ಪೇಸ್ಟ್ ಒಣಗಿದೆ, ಪೇಸ್ಟ್ ಮತ್ತು ಮೆಮೊರಿ ಚಿಪ್‌ಗಳ ಮೇಲಿನ ಪ್ಯಾಡ್ ಎರಡನ್ನೂ ಬದಲಿಸಬೇಕು, 1500 ರೂಪಾಯಿ ಆಗುತ್ತದೆ ಎಂದರು. ಅವರು ಕಾರ್ಡನ್ನು ಕಣ್ಣಿನಿಂದ ನೋಡಿಯೂ ಇಲ್ಲ. 84 ಡಿಗ್ರಿ ಅಪಾಯವೇ? ಪೇಸ್ಟ್ ಬದಲಿಸುವುದೇ ಸರಿಯಾದ ದಾರಿಯೇ? ತಿಳಿದವರು ದಯವಿಟ್ಟು ಹೇಳಬೇಕು.

ಮೂರನೇ_ಸ್ಲಾಟ್:

ಪೇಸ್ಟಿನ ಮಾತಿಗೆ ಹೋಗುವ ಮೊದಲು ನೀವೇ ಕೊಟ್ಟಿರುವ ಅಂಕಿಗಳನ್ನು ಒಮ್ಮೆ ಕಳೆದು ನೋಡಿ. ಬೆಂಗಳೂರಿನಲ್ಲಿ 70ರಲ್ಲಿ 26 ಕಳೆದರೆ 44. ಕಲಬುರಗಿಯಲ್ಲಿ 84ರಲ್ಲಿ 37 ಕಳೆದರೆ 47. ಗಾಳಿಯಿಂದ ತಣ್ಣಗಾಗುವ ಯಾವ ಕಾರ್ಡೂ ಕೋಣೆಯ ಗಾಳಿಗಿಂತ ತಂಪಾಗಲಾರದು. ಅದು ಕೋಣೆಗಿಂತ ಎಷ್ಟು ಡಿಗ್ರಿ ಮೇಲೆ ನಿಲ್ಲುತ್ತದೆ ಎಂಬುದಷ್ಟೇ ಹೀಟ್‌ಸಿಂಕ್, ಫ್ಯಾನ್ ಮತ್ತು ಪೇಸ್ಟ್‌ಗಳ ಕೈಯಲ್ಲಿರುವ ಸಂಗತಿ. ಹಾಗಾಗಿ ಏರಿರುವ 14 ಡಿಗ್ರಿಗಳಲ್ಲಿ 11 ಡಿಗ್ರಿ ನಿಮ್ಮ ಊರಿನ ಬಿಸಿಲಿನ ಲೆಕ್ಕಕ್ಕೆ ಹೋಗುತ್ತದೆ. ಇದು ಗೊತ್ತಿಲ್ಲದೆ ಪ್ರತಿ ಮಾರ್ಚ್‌ನಲ್ಲಿ ಎಷ್ಟು ಜನ ಕಾರ್ಡ್ ಬಿಚ್ಚುತ್ತಾರೋ!

ಇನ್ನು 84 ಅಪಾಯವೇ ಎಂಬ ಪ್ರಶ್ನೆ. ಚಿಪ್ ತಯಾರಕ ಕಂಪನಿ ಎನ್‌ವಿಡಿಯಾ ಈ ಕಾರ್ಡ್‌ಗೆ ಹೇಳಿರುವ ಗರಿಷ್ಠ ತಾಪಮಾನ 93 ಡಿಗ್ರಿ. ಆದರೆ ಬಹಳಷ್ಟು ಕಾರ್ಡ್‌ಗಳಲ್ಲಿ ಗುರಿಯಾಗಿ ಇಟ್ಟಿರುವುದು 83 ಡಿಗ್ರಿ, ಅಲ್ಲಿಗೆ ತಲುಪಿದ ಕೂಡಲೇ ಕಾರ್ಡ್ ತಾನಾಗಿಯೇ ಕ್ಲಾಕ್ ಮತ್ತು ವೋಲ್ಟೇಜ್ ಇಳಿಸಿಕೊಂಡು ಆಸುಪಾಸಿನಲ್ಲೇ ನಿಲ್ಲುತ್ತದೆ. ನಿಮ್ಮ ಕಾರ್ಡ್ 84ಕ್ಕೆ ಬಂದು ನಿಲ್ಲುತ್ತಿರುವುದು ಅದಕ್ಕೇ. 90ಕ್ಕೆ ಹೋಗದಿರುವುದು ಅದರ ತಂಪಿನಿಂದಲ್ಲ, ಅದು ತನ್ನ ಕೆಲಸವನ್ನು ಕಡಿಮೆ ಮಾಡಿಕೊಂಡದ್ದರಿಂದ. ಇದಲ್ಲದೆ, ಗುರಿಗಿಂತ ಎಷ್ಟೋ ಕೆಳಗಿರುವಾಗಲೂ ಬಿಸಿ ಏರಿದಂತೆ ಈ ಕಾರ್ಡ್‌ಗಳು 15 ಮೆಗಾಹರ್ಟ್ಸ್‌ನ ಒಂದೊಂದೇ ಮೆಟ್ಟಿಲು ಇಳಿಯುತ್ತ ಬರುತ್ತವೆ. ಕಾರ್ಡ್ ಸುಟ್ಟುಹೋಗುವ ಭಯ ಬೇಡ, ಆದರೆ ಸದ್ದು ಮತ್ತು ವೇಗ ಎರಡರಲ್ಲೂ ನಿಮಗೆ ನಷ್ಟವಿದೆ.

ಪೇಸ್ಟಿನ ಸ್ಥಿತಿ ತಿಳಿಯಲು ಎಚ್‌ಡಬ್ಲ್ಯುಇನ್ಫೋ ಎಂಬ ತಂತ್ರಾಂಶ ಹಾಕಿಕೊಂಡು, ಆಟದ ನಡುವೆ ಜಿಪಿಯು ತಾಪಮಾನದ ಜೊತೆ ಹಾಟ್‌ಸ್ಪಾಟ್ ತಾಪಮಾನವನ್ನೂ ಬರೆದುಕೊಳ್ಳಿ. ಮೊದಲನೆಯದು ಚಿಪ್‌ನ ಸಾಮಾನ್ಯ ಬಿಸಿ, ಎರಡನೆಯದು ಚಿಪ್‌ನ ಮೇಲೆ ಅತಿ ಬಿಸಿಯಾದ ಜಾಗದ್ದು. ಇವೆರಡರ ನಡುವೆ 10ರಿಂದ 15 ಡಿಗ್ರಿ ಅಂತರವಿದ್ದರೆ ಪೇಸ್ಟ್ ಸರಿಯಾಗಿದೆ ಎಂದೇ ತಿಳಿಯಬಹುದು. ಅಂತರ 25ರ ಆಚೆಗೆ ಹೋಗಿದ್ದರೆ ಮಾತ್ರ ಅಂಗಡಿಯವರ ಮಾತಿಗೆ ಕಿವಿಗೊಡಿ.

ಸ್ಕ್ರೂಡ್ರೈವರ್:

ಮೇಲಿನವರ ಲೆಕ್ಕ ಸರಿಯಾಗಿದೆ, ಆದರೆ ಅರ್ಧ ಲೆಕ್ಕ. 44 ಡಿಗ್ರಿ ಅಂತರ ಬಂದದ್ದು ಫ್ಯಾನ್ ಶೇ 55ರಲ್ಲಿ ಓಡುವಾಗ, 47 ಬಂದದ್ದು ಶೇ 85ರಲ್ಲಿ ಓಡುವಾಗ. ಗಾಳಿ ಅಷ್ಟು ಹೆಚ್ಚಾದ ಮೇಲೆ ಅಂತರ ಇಳಿಯಬೇಕಾಗಿತ್ತು, ಏರಬಾರದಾಗಿತ್ತು. (ಬೆಂಗಳೂರು 900 ಮೀಟರಿಗೂ ಹೆಚ್ಚು ಎತ್ತರದಲ್ಲಿದೆ, ಕಲಬುರಗಿ ಅದರ ಅರ್ಧದಷ್ಟು ಎತ್ತರದಲ್ಲಿದೆ, ಕೆಳಗಿನ ಊರಿನ ಗಾಳಿ ತುಸು ದಟ್ಟವಾದದ್ದರಿಂದ ಆ ಮಟ್ಟಿಗೆ ಹೀಟ್‌ಸಿಂಕ್‌ಗೆ ಅನುಕೂಲವೇ ಆಗಬೇಕು.) ಅಂದರೆ ಬಿಸಿಲಿನ ಜೊತೆಗೆ ಇನ್ನೊಂದೇನೋ ಕೆಟ್ಟಿದೆ. ಹುಬ್ಬಳ್ಳಿಯಲ್ಲಿ ಆರು ವರ್ಷ ಕಂಪ್ಯೂಟರ್ ರಿಪೇರಿಯ ಮೇಜಿನ ಮುಂದೆ ಕುಳಿತವನಾಗಿ ನನ್ನ ಅನುಮಾನ ಎರಡರ ಮೇಲೆ: ಧೂಳು ಮತ್ತು ಆ ಮುಂಭಾಗದ ಗಾಜು.

ಗಾಜಿನದನ್ನು ಪರೀಕ್ಷಿಸಲು ಒಂದು ಪೈಸೆಯೂ ಬೇಕಿಲ್ಲ. ಕಾರ್ಡ್‌ನ ಫ್ಯಾನ್, ವೋಲ್ಟೇಜ್ ಹೊಂದಿಸುವ ಆಫ್ಟರ್‌ಬರ್ನರ್ ತಂತ್ರಾಂಶದಲ್ಲಿ ಫ್ಯಾನ್ ವೇಗವನ್ನು ಶೇ 85ಕ್ಕೆ ಕಟ್ಟಿಹಾಕಿ, ಆಟದಲ್ಲಿ ಒಂದೇ ಜಾಗದಲ್ಲಿ ನಿಂತು ಇಪ್ಪತ್ತು ನಿಮಿಷ ಬಿಟ್ಟು ಅಂಕಿ ಬರೆದುಕೊಳ್ಳಿ. ಆಮೇಲೆ ಕ್ಯಾಬಿನೆಟ್‌ನ ಪಕ್ಕದ ಬಾಗಿಲು ತೆಗೆದಿಟ್ಟು ಮತ್ತೆ ಇಪ್ಪತ್ತು ನಿಮಿಷ ನೋಡಿ. ಎರಡು ಮೂರು ಡಿಗ್ರಿ ಇಳಿದರೆ ಕ್ಯಾಬಿನೆಟ್ ಚೆನ್ನಾಗಿದೆ. ಏಳೆಂಟು ಡಿಗ್ರಿ ಇಳಿದರೆ, ಕಾರ್ಡ್ ತಾನು ಬಿಟ್ಟ ಬಿಸಿ ಗಾಳಿಯನ್ನೇ ಮತ್ತೆ ಎಳೆದುಕೊಳ್ಳುತ್ತಿದೆ ಎಂದರ್ಥ. ಮುಂದೆ ಮೂರು ಫ್ಯಾನ್ ಇದ್ದೇನು ಪ್ರಯೋಜನ, ಅವುಗಳ ಮೂಗಿಗೆ ಗಾಜು ಒತ್ತಿ ನಿಲ್ಲಿಸಿದ್ದರೆ?

ಧೂಳನ್ನು ತೆಗೆಯುವಾಗ ವಿದ್ಯುತ್ ತಂತಿ ಕಿತ್ತಿರಬೇಕು, ಕಾರ್ಡನ್ನು ಸ್ಲಾಟ್‌ನಿಂದ ಹೊರತೆಗೆದಿದ್ದರೆ ಇನ್ನೂ ಒಳ್ಳೆಯದು. ಮೇಲೆ ಕಾಣುವ ಧೂಳು ದೊಡ್ಡದಲ್ಲ. ಫ್ಯಾನ್‌ನ ಎಲೆಗಳ ನಡುವೆ ಟಾರ್ಚ್ ಬಿಟ್ಟು ಇಣುಕಿದರೆ, ಹೀಟ್‌ಸಿಂಕ್‌ನ ಅಲ್ಯೂಮಿನಿಯಂ ಫಿನ್‌ಗಳ (ತೆಳು ತಗಡುಗಳ) ಬಾಯಿಯ ಮೇಲೆ ಹತ್ತಿಯ ಹಾಸಿನಂತೆ ಕೂತಿರುವ ಪದರವೇ ಗಾಳಿಯನ್ನು ತಡೆಯುವುದು. ಬ್ಲೋವರ್ ಹಿಡಿಯುವಾಗ ಫ್ಯಾನ್ ತಿರುಗದಂತೆ ಒಂದು ಬೆರಳಿಂದ ಒತ್ತಿ ಹಿಡಿದುಕೊಳ್ಳಬೇಕು, ಇಲ್ಲದಿದ್ದರೆ ಅದು ಮಿತಿ ಮೀರಿ ತಿರುಗಿ ಬೇರಿಂಗ್ ಹಾಳಾಗಬಹುದು. ಮನೆ ಗುಡಿಸುವ ವ್ಯಾಕ್ಯೂಮ್ ಕ್ಲೀನರ್ ಬೇಡ, ಅದರ ಕೊಳವೆಯಲ್ಲಿ ಸ್ಥಿರ ವಿದ್ಯುತ್ ಕೂಡಿಕೊಳ್ಳುತ್ತದೆ. ದೇವರ ಕೋಣೆ ಹತ್ತಿರವಿದ್ದು ದಿನವೂ ಊದುಬತ್ತಿ ಹಚ್ಚುವ ಮನೆಗಳಲ್ಲಿ ಈ ಪದರ ಜಿಗುಟಾಗಿರುತ್ತದೆ. ಅಲ್ಲಿ ಮೆತ್ತನೆಯ ಪೇಂಟ್ ಬ್ರಷ್‌ನಿಂದ ಸಡಿಲಿಸಿ ಆಮೇಲೆ ಗಾಳಿ ಬಿಡಬೇಕು.

ಪ್ಯಾಡ್ ಬದಲಿಸುವ ಮಾತಿಗೆ ಮಾತ್ರ ಸುಲಭವಾಗಿ ಒಪ್ಪಬೇಡಿ. ಮೆಮೊರಿ ಚಿಪ್‌ಗಳ ಮೇಲಿನ ಪ್ಯಾಡ್‌ಗಳ ದಪ್ಪ ಕಾರ್ಡಿನಿಂದ ಕಾರ್ಡಿಗೆ ಬೇರೆಯಾಗಿರುತ್ತದೆ, ಒಂದೇ ಕಾರ್ಡ್‌ನಲ್ಲಿ ಎರಡು ದಪ್ಪದವು ಇರುವುದೂ ಉಂಟು. ನನ್ನದೇ ಹಳೆಯ ಕಾರ್ಡನ್ನು ಒಮ್ಮೆ ಸಮಯವಿಲ್ಲವೆಂದು ಪರಿಚಯದ ಅಂಗಡಿಯೊಂದಕ್ಕೆ ಕೊಟ್ಟಿದ್ದೆ. ಅವರು 1 ಮಿಲಿಮೀಟರ್ ಪ್ಯಾಡ್ ಇದ್ದ ಕಡೆ 1.5 ಮಿಲಿಮೀಟರ್‌ನದನ್ನು ಹಾಕಿ ಬಿಗಿದರು. ಅರ್ಧ ಮಿಲಿಮೀಟರ್ ಎಂದರೆ ಏನು ಮಹಾ ಎನಿಸಬಹುದು. ಆದರೆ ಅಷ್ಟರಿಂದಲೇ ಹೀಟ್‌ಸಿಂಕ್ ಚಿಪ್‌ನ ಮೇಲೆ ಸರಿಯಾಗಿ ಕೂರದೆ ಹಾಟ್‌ಸ್ಪಾಟ್ 105 ದಾಟಿತು. ಮತ್ತೆ ಬಿಚ್ಚಿದಾಗ ಚಿಪ್‌ನ ಒಂದು ಮೂಲೆಯ ಪೇಸ್ಟ್ ಹೀಟ್‌ಸಿಂಕನ್ನು ಮುಟ್ಟಿರಲೇ ಇಲ್ಲ, ಹಚ್ಚಿದಾಗಿನ ಗೆರೆಗಳು ಹಾಗೆಯೇ ಇದ್ದವು.

ತೊಗರಿಕಣಜ:

ಇಬ್ಬರಿಗೂ ಧನ್ಯವಾದಗಳು. ನಿನ್ನೆ ಸಂಜೆ ಕೂತು ಅಳತೆ ಮಾಡಿದೆ. ಕೋಣೆ 37, ಕಾರ್ಡ್ 84, ಹಾಟ್‌ಸ್ಪಾಟ್ 97, ಅಂದರೆ ಅಂತರ 13. ಪಕ್ಕದ ಬಾಗಿಲು ತೆಗೆದಾಗ ಅದೇ ಫ್ಯಾನ್ ವೇಗದಲ್ಲಿ ಕಾರ್ಡ್ 76ಕ್ಕೆ ಇಳಿಯಿತು, ಕ್ಲಾಕ್ ಕೂಡ ಮೇಲೆ ಬಂತು. ಮುಂಭಾಗದ ಗಾಜು ಮತ್ತು ಫ್ಯಾನ್‌ಗಳ ನಡುವೆ ನನ್ನ ಕಿರುಬೆರಳು ಕಷ್ಟದಿಂದ ತೂರುವಷ್ಟು ಸಂದಿಯಿದೆ, ಗಾಳಿ ಬರಬೇಕಾದರೆ ಅದರಿಂದಲೇ ಬರಬೇಕು. ಟಾರ್ಚ್ ಬಿಟ್ಟು ನೋಡಿದರೆ ಫಿನ್‌ಗಳ ಮೇಲೆ ಹಾಸೂ ಇದೆ. ನಮ್ಮ ಮನೆಯ ಹಿಂದಿನ ಬೀದಿಯಲ್ಲಿ ದಾಲ್ ಮಿಲ್ ಇರುವುದರಿಂದ ಹಳದಿ ಬಣ್ಣದ ನುಣುಪಾದ ಹುಡಿ ಕಿಟಕಿಯ ಸರಳಿನ ಮೇಲೆ ದಿನವೂ ಕೂರುತ್ತದೆ. ಅದೇ ಇಲ್ಲಿಯೂ ಕೂತಿದೆ.

ಇನ್ನೊಂದು ಪ್ರಶ್ನೆ. ಮನೆಯಲ್ಲಿ ನೀರಿನ ಕೂಲರ್ ಇದೆ. ಅದನ್ನು ಕ್ಯಾಬಿನೆಟ್‌ನ ಕಡೆಗೆ ತಿರುಗಿಸಿ ಇಡಬಹುದೇ?

ಕಡಲಬದಿ:

ಕೂಲರನ್ನು ಕೋಣೆಗೆ ಇಡಿ, ಕ್ಯಾಬಿನೆಟ್‌ಗೆ ಇಡಬೇಡಿ. ನಿಮ್ಮ ಒಣ ಹವೆಯಲ್ಲಿ ಕಿಟಕಿ ತೆರೆದಿಟ್ಟು ಓಡಿಸಿದರೆ ಕೂಲರ್ ಕೋಣೆಯನ್ನು ನಿಜಕ್ಕೂ ಹಲವು ಡಿಗ್ರಿ ಇಳಿಸಬಲ್ಲದು, ಮಂಗಳೂರಿನಲ್ಲಿರುವ ನಮಗೆ ಆ ಭಾಗ್ಯವಿಲ್ಲ. ಕೋಣೆ ಇಳಿದಷ್ಟೂ ಕಾರ್ಡ್ ಇಳಿಯುತ್ತದೆ. ಓಡುತ್ತಿರುವ ಕಾರ್ಡ್ ಕೋಣೆಯ ಗಾಳಿಗಿಂತ ಬಿಸಿಯಾಗಿರುವುದರಿಂದ ತೇವವು ಅದರ ಮೇಲೆ ಹನಿಗಟ್ಟುವುದಿಲ್ಲ. ಆದರೆ ಕೂಲರ್ ಎದುರಿಗೇ ಇದ್ದರೆ ಗಾಳಿಯ ಜೊತೆ ಸಣ್ಣ ಹನಿಗಳೂ ಸಿಡಿಯುತ್ತವೆ, ಬೋರ್‌ವೆಲ್ ನೀರಾಗಿದ್ದರೆ ಅದರ ಉಪ್ಪು ಬೋರ್ಡ್‌ನ ಮೇಲೆ ಬಿಳಿ ಚುಕ್ಕೆಯಾಗಿ ಉಳಿಯುತ್ತದೆ.

ನಾನು ಹೇಳಬೇಕೆಂದುಕೊಂಡಿರುವ ಮುಖ್ಯ ಸಂಗತಿ ಬೇರೆ. ಇಲ್ಲಿಯವರೆಗಿನ ಮಾತೆಲ್ಲ ಬಿಸಿಯನ್ನು ಸಾಗಿಸುವುದರ ಬಗ್ಗೆ ಆಯಿತು, ಬಿಸಿ ಹುಟ್ಟುವುದರ ಬಗ್ಗೆ ಯಾರೂ ಹೇಳಲಿಲ್ಲ. 3060 ಕಾರ್ಡ್ ಪೂರ್ಣ ಕೆಲಸದಲ್ಲಿರುವಾಗ 170 ವ್ಯಾಟ್ ಎಳೆಯುತ್ತದೆ, ಆ 170 ವ್ಯಾಟ್ ಅಷ್ಟೂ ಶಾಖವಾಗಿ ನಿಮ್ಮ ಕೋಣೆಗೇ ಬಂದು ಸೇರುತ್ತದೆ. ಫ್ಯಾನ್ ಎಷ್ಟೇ ಹೆಚ್ಚಿಸಿದರೂ ಆ ಶಾಖ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ. 37 ಡಿಗ್ರಿಯ ಕೋಣೆಯಲ್ಲಿ ಕುಳಿತವನಿಗೆ ಕಾರ್ಡಿಗಿಂತ ತನ್ನ ಬೆವರಿನ ಚಿಂತೆಯೂ ಇರಬೇಕಲ್ಲವೇ?

ಸುಲಭದ ದಾರಿ, ಆಫ್ಟರ್‌ಬರ್ನರ್‌ನಲ್ಲಿ ಪವರ್ ಲಿಮಿಟನ್ನು (ವಿದ್ಯುತ್ ಬಳಕೆಯ ಮಿತಿ) ಶೇ 80ಕ್ಕೆ ಎಳೆಯುವುದು. 170 ವ್ಯಾಟ್ 136 ಆಗುತ್ತದೆ, ಫ್ರೇಮ್‌ಗಳಲ್ಲಿ ಆಗುವ ನಷ್ಟ ಕಣ್ಣಿಗೆ ಕಾಣದಷ್ಟು ಸಣ್ಣದು. ತುಸು ತಾಳ್ಮೆಯಿದ್ದರೆ ಅಂಡರ್‌ವೋಲ್ಟ್, ಅಂದರೆ ಚಿಪ್‌ಗೆ ಕಡಿಮೆ ವೋಲ್ಟೇಜ್ ಕೊಡುವುದು, ಇನ್ನೂ ಚೆನ್ನ. ಕಂಟ್ರೋಲ್ ಮತ್ತು ಎಫ್ ಒತ್ತಿದರೆ ವೋಲ್ಟೇಜ್ ಮತ್ತು ಕ್ಲಾಕ್‌ನ ಗೆರೆ ತೆರೆಯುತ್ತದೆ. ಕಾರ್ಖಾನೆಯಿಂದ ಬಂದ ಸ್ಥಿತಿಯಲ್ಲಿ ನಿಮ್ಮ ಕಾರ್ಡ್ 1 ವೋಲ್ಟ್‌ನ ಆಸುಪಾಸಿನಲ್ಲಿ ಓಡುತ್ತಿರುತ್ತದೆ. 875 ಮಿಲಿವೋಲ್ಟ್‌ನ ಬಿಂದುವನ್ನು 1800 ಮೆಗಾಹರ್ಟ್ಸ್‌ಗೆ ಎತ್ತಿ, ಅದರ ಬಲಗಡೆಯ ಬಿಂದುಗಳೆಲ್ಲ ಅದೇ ಮಟ್ಟದಲ್ಲಿ ನೆಟ್ಟಗೆ ಮಲಗುವಂತೆ ಮಾಡಿ ಉಳಿಸಿಕೊಳ್ಳಿ. ಈಗ ಹೇಗೂ ಬಿಸಿಯಿಂದಾಗಿ 1800ರ ಕೆಳಗೇ ಓಡುತ್ತಿದೆ, ಆದ್ದರಿಂದ ನೀವು ಕಳೆದುಕೊಳ್ಳುವುದು ಏನೂ ಇಲ್ಲ. ವೋಲ್ಟೇಜ್ ಇಳಿದರೆ ವಿದ್ಯುತ್ತಿನ ಬಳಕೆ ಅದರ ವರ್ಗದ ಪ್ರಮಾಣದಲ್ಲಿ ಇಳಿಯುವುದರಿಂದ ಸಣ್ಣ ಇಳಿಕೆಗೂ ದೊಡ್ಡ ಫಲವಿದೆ. ಎಲ್ಲ ಚಿಪ್‌ಗಳೂ ಒಂದೇ ಗುಣದವಲ್ಲ. ಆಟ ಮಧ್ಯದಲ್ಲಿ ಮುಚ್ಚಿಕೊಂಡರೆ 900 ಮಿಲಿವೋಲ್ಟ್‌ಗೆ ಏರಿಸಿ. ಇದರಿಂದ ಕಾರ್ಡ್ ಹಾಳಾಗುವುದಿಲ್ಲ, ಆಟ ನಿಲ್ಲುತ್ತದೆ ಅಷ್ಟೆ.

ಫ್ರೇಮ್‌ಗಳಿಗೆ ಮಿತಿ ಹಾಕುವುದು ಸೈಬರ್‌ಪಂಕ್‌ನಂಥ ಭಾರದ ಆಟದಲ್ಲಿ ಹೆಚ್ಚು ಉಪಯೋಗಕ್ಕೆ ಬಾರದು, ಏಕೆಂದರೆ ಅಲ್ಲಿ ಕಾರ್ಡ್‌ಗೆ 75 ಫ್ರೇಮ್ ಕೊಡುವುದೇ ಕಷ್ಟ. ಆದರೆ ವ್ಯಾಲೊರೆಂಟ್‌ನಂಥ ಹಗುರ ಆಟದಲ್ಲಿ ಮಿತಿಯಿಲ್ಲದಿದ್ದರೆ 75 ಹರ್ಟ್ಸ್ ಮಾನಿಟರ್‌ಗಾಗಿ ಕಾರ್ಡ್ ಇನ್ನೂರಕ್ಕೂ ಹೆಚ್ಚು ಫ್ರೇಮ್‌ಗಳನ್ನು ಬಿಡಿಸಿ ಬಿಸಾಡುತ್ತಿರುತ್ತದೆ. ಮೆನುಗಳೂ ಹೀಗೆಯೇ. 2021ರ ಜುಲೈನಲ್ಲಿ ನ್ಯೂ ವರ್ಲ್ಡ್ ಆಟದ ಬೀಟಾ (ಬಿಡುಗಡೆಗೆ ಮುಂಚಿನ ಪರೀಕ್ಷೆ) ನಡೆದಾಗ ಕೆಲವರ ದುಬಾರಿ ಆರ್‌ಟಿಎಕ್ಸ್ 3090 ಕಾರ್ಡ್‌ಗಳು ಕೆಟ್ಟುಹೋದವು. ಕಾರ್ಡ್ ತಯಾರಿಸಿದ ಇವಿಜಿಎ ಬೆಸುಗೆಯಲ್ಲಿ ದೋಷವಿತ್ತೆಂದು ಒಪ್ಪಿಕೊಂಡಿತು, ಆಟವನ್ನು ತಂದ ಅಮೆಜಾನ್ ಮೆನುವಿನ ಫ್ರೇಮ್‌ಗಳಿಗೆ ಮಿತಿ ಹಾಕುವ ಪ್ಯಾಚ್ ಬಿಟ್ಟಿತು. ಹಾಗಾಗಿ ಎನ್‌ವಿಡಿಯಾ ಕಂಟ್ರೋಲ್ ಪ್ಯಾನೆಲ್‌ನಲ್ಲಿಯೇ ಎಲ್ಲ ಆಟಗಳಿಗೂ ಸೇರಿ 72ರ ಮಿತಿ ಹಾಕಿಬಿಡಿ.

ಮೂರನೇ_ಸ್ಲಾಟ್:

ಫ್ಯಾನ್ ಶೇಕಡಾವಾರನ್ನು ನಾನು ಗಮನಿಸದೆ ಹೋದೆ, ತಿದ್ದಿದ್ದಕ್ಕೆ ವಂದನೆಗಳು. ಒಂದು ಸಣ್ಣ ಸೇರ್ಪಡೆ: ನಿಮ್ಮ ಕೋಣೆಯ ಬಿಸಿಗೆ ಕಾರ್ಡ್ ಸುಮ್ಮನಿರುವಾಗಲೂ 50ರ ಮೇಲೆಯೇ ಇರುತ್ತದೆ. ತಂಪಿರುವಾಗ ಫ್ಯಾನ್ ಪೂರ್ತಿ ನಿಲ್ಲುವ ವ್ಯವಸ್ಥೆ ಇರುವ ಕಾರ್ಡ್‌ಗಳು ಆ ಮಟ್ಟದಲ್ಲಿ ನಿಮಿಷಕ್ಕೊಮ್ಮೆ ಫ್ಯಾನ್ ಶುರು ಮಾಡುವುದು, ನಿಲ್ಲಿಸುವುದು ಮಾಡುತ್ತವೆ. ಬೇಸಿಗೆಯಲ್ಲಿ ಅದನ್ನು ತೆಗೆದುಹಾಕಿ, ಕನಿಷ್ಠ ವೇಗ ಶೇ 35ರಷ್ಟು ಇರುವಂತೆ ಫ್ಯಾನ್‌ನ ಗೆರೆಯನ್ನು ನೀವೇ ಎಳೆದುಕೊಳ್ಳಿ.

ತೊಗರಿಕಣಜ:

ಹತ್ತು ದಿನಗಳ ನಂತರ ಬರೆಯುತ್ತಿದ್ದೇನೆ. ಮೊದಲು ಕಾರ್ಡ್ ಹೊರತೆಗೆದು ಬ್ರಷ್ ಮತ್ತು ಬ್ಲೋವರ್‌ನಿಂದ ಸ್ವಚ್ಛ ಮಾಡಿದೆ. ಅದೊಂದರಿಂದಲೇ 3 ಡಿಗ್ರಿ ಇಳಿಯಿತು. ಮುಂಭಾಗದ ಗಾಜನ್ನು ಕಿತ್ತು ಅಟ್ಟದ ಮೇಲಿಟ್ಟು, ಅದರ ಜಾಗಕ್ಕೆ ಕಿಟಕಿಗೆ ಹಾಕುವ ಸೊಳ್ಳೆ ಪರದೆಯ ತುಂಡನ್ನು ಚೌಕಟ್ಟಿನ ಸುತ್ತ ವೆಲ್ಕ್ರೊ ಪಟ್ಟಿಯಿಂದ ಅಂಟಿಸಿದ್ದೇನೆ. ನೋಡಲು ಅಷ್ಟು ಚೆಂದವಿಲ್ಲ, ಆದರೆ ಪಕ್ಕದ ಬಾಗಿಲು ಮುಚ್ಚಿದರೂ ತೆರೆದರೂ ಈಗ ಒಂದೇ ಡಿಗ್ರಿಯ ವ್ಯತ್ಯಾಸ. ವಾರಕ್ಕೊಮ್ಮೆ ಪರದೆ ಬಿಚ್ಚಿ ಕೊಡವಿದರೆ ಹಳದಿ ಹುಡಿ ಉದುರುತ್ತದೆ, ಅಷ್ಟೂ ಮೊದಲು ಕಾರ್ಡಿನೊಳಗೆ ಹೋಗುತ್ತಿತ್ತು.

875 ಮಿಲಿವೋಲ್ಟ್‌ನಲ್ಲಿ ಆಟ ಎರಡು ಸಲ ಮುಚ್ಚಿಕೊಂಡಿತು, 887ರಲ್ಲಿ ಈವರೆಗೆ ತೊಂದರೆಯಿಲ್ಲ. ಕೂಲರ್ ಹಾಕದೆ, ಕೋಣೆ 38 ಡಿಗ್ರಿ ಇದ್ದ ಮೊನ್ನೆಯ ಸಂಜೆ ಒಂದು ಗಂಟೆ ಆಡಿದ ಮೇಲೆ ಕಾರ್ಡ್ 72, ಹಾಟ್‌ಸ್ಪಾಟ್ 83, ಕ್ಲಾಕ್ 1800, ಬಳಕೆ 130 ವ್ಯಾಟ್‌ನ ಆಸುಪಾಸು, ಫ್ಯಾನ್ ಶೇ 60. ಗಿರಣಿಯ ಮಾತು ಅಪ್ಪ ಮತ್ತೆ ಎತ್ತಿಲ್ಲ. ಪೇಸ್ಟ್‌ಗೆ ಕೈ ಹಚ್ಚಿಲ್ಲ.