ಹಯವದನದ ಮರುಪ್ರದರ್ಶನ: ಮೊದಲ ಸ್ಥಾನ ಯಾವ ಕಪಿಲನಿಗೆ?

ಹಿಂದಿನಸಾಲು
ನಮ್ಮೂರಿನ ಹವ್ಯಾಸಿ ತಂಡವೊಂದು ಮತ್ತೆ ಕಟ್ಟಿರುವ 'ಹಯವದನ'ವನ್ನು ಇಲ್ಲಿ ಹಲವರು ನೋಡಿದ್ದೀರಿ. ಬಿ.ವಿ. ಕಾರಂತರ ಮಟ್ಟುಗಳನ್ನೇ ಉಳಿಸಿಕೊಂಡಿದ್ದಾರೆ, ಮೇಳ ರಂಗದ ಮೇಲೇ ಕೂತು ನುಡಿಸುತ್ತದೆ, ದೇವದತ್ತನಿಗೂ ಕಪಿಲನಿಗೂ ಮೂಗಿನವರೆಗೆ ಬರುವ ಅರ್ಧ ಮುಖವಾಡ. ಕಾರ್ನಾಡರ ನಾಟಕ ಹೇಗಿದೆ ಎಂಬ ಚರ್ಚೆ ಬೇಡ, ಅದು 1971ರಿಂದ ನಡೆಯುತ್ತಲೇ ಇದೆ. ನಟರ ಬಗ್ಗೆ ಮಾತಾಡೋಣ. ನನ್ನ ಲೆಕ್ಕದಲ್ಲಿ ಕಪಿಲನಿಗೆ ಮೊದಲ ಸ್ಥಾನ, ದೇವದತ್ತನ ಹೆಂಡತಿ ಪದ್ಮಿನಿಯ ಹಾಡುಗಾರಿಕೆಗೆ ಎರಡನೆಯದು. ಕಥೆ ನಡೆಸುವ ಭಾಗವತ ಪರವಾಗಿಲ್ಲ. ದೇವದತ್ತ ಮೊದಲ ಅಂಕದಲ್ಲಿ ಸೊರಗಿದ, ಎರಡನೆಯದರಲ್ಲಿ ಮಾತೇ ಕೇಳಿಸಲಿಲ್ಲ. ಕಪಿಲ ಕಾಡಿನ ದೃಶ್ಯದಲ್ಲಿ ಇಡೀ ಸಭೆಯನ್ನು ಹಿಡಿದು ಕೂರಿಸಿದ. ಒಪ್ಪದವರು ಕಾರಣ ಕೊಡಿ.

ಬಣ್ಣದಚೌಕಿ
ಕಾಡಿನಲ್ಲಿ ನೀವು ಮೆಚ್ಚಿದ ಆ ಕಪಿಲ ಯಾರು ಹೇಳಿ? ಮೊದಲ ಅಂಕದಲ್ಲಿ ದೇವದತ್ತ ಸೊರಗಿದ ಅಂದಿರಲ್ಲ, ಆ ದೇವದತ್ತನಾಗಿದ್ದ ಎತ್ತರದ ನಟನೇ. ಕಾಳಿಯ ಗುಡಿಯಲ್ಲಿ ಗೆಳೆಯರಿಬ್ಬರೂ ತಲೆ ಕಡಿದುಕೊಂಡ ಮೇಲೆ ಕಾಳಿ ಅವರನ್ನು ಬದುಕಿಸಲು ಒಪ್ಪಿದಾಗ ಪದ್ಮಿನಿ ಗಡಿಬಿಡಿಯಲ್ಲಿ ತಲೆಗಳನ್ನು ಅದಲು ಬದಲು ಜೋಡಿಸುತ್ತಾಳೆ. ಈ ತಂಡ ಅಲ್ಲಿ ಬದಲಿಸಿದ್ದು ಮುಖವಾಡಗಳನ್ನು ಮಾತ್ರ, ನಟರ ಮೈ ಇದ್ದಲ್ಲೇ ಇತ್ತು. ಆದ್ದರಿಂದ ಎರಡನೇ ಅಂಕದಲ್ಲಿ ಕಪಿಲನ ಮುಖವಾಡ ಎತ್ತರದವರ ಮೇಲೆ, ದೇವದತ್ತನದು ಗಟ್ಟಿಮೈಯವರ ಮೇಲೆ. 'ಕಪಿಲನಿಗೆ ಮೊದಲ ಸ್ಥಾನ' ಎಂದು ಬರೆದರೆ ಬಹುಮಾನದ ಲಕೋಟೆ ಯಾರ ಕೈಗೆ ಕೊಡುತ್ತೀರಿ?

ಹಿಂದಿನಸಾಲು
ತಲೆ ಇದ್ದವನ ಕೈಗೆ. ಅಂಗಗಳಲ್ಲಿ ತಲೆಯೇ ಶ್ರೇಷ್ಠ ಅಂತ ನಾಟಕದ ಋಷಿಯೇ ತೀರ್ಪು ಕೊಟ್ಟಿದ್ದಾನೆ! ತಮಾಷೆ ಬಿಡಿ. ಪ್ರೇಕ್ಷಕ ನೋಡುವುದು ಪಾತ್ರವನ್ನು. ಕಪಿಲ ಎಂಬ ಪಾತ್ರ ಎರಡೂ ಅಂಕದಲ್ಲಿ ಗೆದ್ದಿತು ಅಂದರೆ ಇಬ್ಬರೂ ಸೇರಿ ಗೆಲ್ಲಿಸಿದರು ಅಂತ ಬರೆಯಿರಿ.

ಬಣ್ಣದಚೌಕಿ
ಹಾಗೆ ಬರೆದರೆ ದೇವದತ್ತನನ್ನೂ ಇಬ್ಬರೂ ಸೇರಿ ಸೋಲಿಸಿದರು ಅಂತ ಬರೆಯಬೇಕಾಗುತ್ತದೆ. ನಟರನ್ನು ತೂಗುವಾಗ ಪಾತ್ರದ ಹೆಸರು ಪಕ್ಕಕ್ಕಿಡಿ, ಮೈಯನ್ನು ಹಿಂಬಾಲಿಸಿ.

ಗಟ್ಟಿಮೈಯವರನ್ನೇ ತೆಗೆದುಕೊಳ್ಳಿ. ಮೊದಲ ಅಂಕದಲ್ಲಿ ಕಮ್ಮಾರನ ಮಗ ಕಪಿಲ: ಮೊಣಕಾಲು ತುಸು ಬಾಗಿದೆ, ಭಾರ ಹಿಮ್ಮಡಿಯ ಮೇಲೆ, ಕೈ ಮೈಯಿಂದ ದೂರ. ಎರಡನೇ ಅಂಕಕ್ಕೆ ಇದೇ ಮೈ ವಿಪ್ರ ದೇವದತ್ತನ ತಲೆ ಹೊತ್ತು ಬರುತ್ತದೆ, ಮತ್ತೆ ಮೂರು ಹಂತದಲ್ಲಿ ಬದಲಾಗಬೇಕು. ಮೊದಲು ಹೊಸ ಬಲದ ಹುಮ್ಮಸ್ಸು, ಉಜ್ಜಯಿನಿಯ ಜಾತ್ರೆಯಿಂದ ಗೊಂಬೆ ತಂದು ಜಟ್ಟಿಯನ್ನು ಮಣಿಸಿದ್ದು ಹೇಳುವಾಗ. ಆಮೇಲೆ ಮೈ ಸಡಿಲವಾಗುತ್ತಾ ಹೋಗುವುದು, ಅಂಗೈ ಮೆತ್ತಗಾದದ್ದನ್ನು ಗೊಂಬೆಗಳು ಆಡಿಕೊಳ್ಳುವ ಹೊತ್ತಿಗೆ. ಕೊನೆಗೆ ಕಾಡಿಗೆ ಕತ್ತಿ ಹಿಡಿದು ಬರುವಾಗ ಪೂರ್ತಿ ಪಂಡಿತನ ಮೈ. ಆ ನಟರು ಮೊದಲನೆಯದರಿಂದ ಮೂರನೆಯದಕ್ಕೆ ನೇರ ಹಾರಿದರು, ನಡುವಿನದು ಬರಲೇ ಇಲ್ಲ. ದೇವದತ್ತ 'ಕಾಣೆಯಾದ' ಅಂತ ನಿಮಗೆ ಅನಿಸಿದ್ದು ಅದಕ್ಕೇ.

ಎತ್ತರದವರದು ತದ್ವಿರುದ್ಧ ಕೆಲಸ, ಮೆತ್ತನೆಯ ಮೈ ಗಟ್ಟಿಯಾಗಬೇಕು. ಅವರಿಗೆ ಅನುಕೂಲವೂ ಇತ್ತು: ಪದ್ಮಿನಿ ಮಗುವನ್ನೆತ್ತಿಕೊಂಡು ಕಾಡಿಗೆ ಬರುವವರೆಗೆ ಅವರು ಬಹುಪಾಲು ತೆರೆಮರೆಯಲ್ಲಿ, ಬದಲಾವಣೆಯೆಲ್ಲ ಅಲ್ಲೇ ಮುಗಿದಿರುತ್ತದೆ. ಇನ್ನೊಬ್ಬರು ನಮ್ಮ ಕಣ್ಣೆದುರೇ ಬದಲಾಗಬೇಕು. ಎರಡಕ್ಕೂ ಒಂದೇ ಅಳತೆ ಹಿಡಿಯುವುದು ನ್ಯಾಯವಲ್ಲ.

ಸೌಂಡ್‌ಬೋರ್ಡ್
ದೇವದತ್ತನ ಮಾತು ಕೇಳಿಸದ್ದಕ್ಕೆ ನಟರನ್ನು ದೂರಬೇಡಿ. ಅರ್ಧ ಮುಖವಾಡದಲ್ಲಿ ತುಟಿ ಬಯಲಾಗಿರುತ್ತದೆ, ದನಿ ಕಟ್ಟಿಕೊಳ್ಳುವುದಿಲ್ಲ. ಎಡವಟ್ಟಾದದ್ದು ಮೈಕಿನಲ್ಲಿ ಎಂದೇ ನನ್ನ ಊಹೆ. ಕೆನ್ನೆಯ ಮೇಲೆ ಮೈಕ್ ಇಟ್ಟರೆ ಮುಖವಾಡ ಉಜ್ಜಿ ಸದ್ದು ಬರುತ್ತದೆ ಅಂತ ಹಣೆಯ ಕೂದಲಂಚಿಗೆ ಅಂಟಿಸಿದ್ದರು, ಟ್ರಾನ್ಸ್‌ಮಿಟರ್ ಸೊಂಟದಲ್ಲಿ. ಮುಖವಾಡ ಬದಲಾದಾಗ ಮೈಕ್ ಬದಲಾಗುವುದಿಲ್ಲ. ಮೈಕುಗಳ ದನಿ ಹೊಂದಿಸುವ ಬೋರ್ಡಿನಲ್ಲಿ ಚಾನೆಲ್‌ಗೆ ಪಾತ್ರದ ಹೆಸರು ಬರೆದಿದ್ದರೆ ಮುಗಿಯಿತು. ಎರಡನೇ ಅಂಕದಲ್ಲಿ 'ದೇವದತ್ತ' ಫೇಡರ್ (ದನಿ ಏರಿಳಿಸುವ ಗುಂಡಿ) ಏರಿಸಿದರೆ ತೆರೆದುಕೊಳ್ಳುವುದು ಪಕ್ಕದ ಪರದೆಯ ಹಿಂದೆ ಕೂತಿರುವ ಎತ್ತರದವರ ಮೈಕ್.

ಗುರುತು ಏನೆಂದರೆ, ದೇವದತ್ತ ಪದ್ಮಿನಿಯ ಪಕ್ಕ ನಿಂತಾಗ ಮಾತು ತೆಳ್ಳಗೆ, ದೂರದಿಂದ ಬಂದಂತೆ ಕೇಳುತ್ತಿತ್ತು. ನಾಲ್ಕು ಹೆಜ್ಜೆ ಆಚೆ ಹೋದರೆ ಇಲ್ಲವೇ ಇಲ್ಲ. ಅಂದರೆ ಆ ದನಿ ಬರುತ್ತಿದ್ದದ್ದು ಪದ್ಮಿನಿಯ ಮೈಕಿನಿಂದ. ಕಾಡಿನ ದೃಶ್ಯದ ಹೊತ್ತಿಗೆ ಯಾರೋ ಎರಡೂ ಚಾನೆಲ್ ತೆರೆದರು, ಕಪಿಲ ಕೇಳಿಸಿದ, ಕಾಳಗದಲ್ಲಿ ಇಬ್ಬರ ಏದುಸಿರೂ ಕೇಳಿಸಿತು. ಅದನ್ನು ನೀವು 'ಸಭೆಯನ್ನು ಹಿಡಿದ' ಅಂದಿರಿ. ಅರ್ಧ ಯಶಸ್ಸು ಫೇಡರಿನದು.

ಹಿಂದಿನಸಾಲು
ಇದನ್ನು ಒಪ್ಪುವುದು ಕಷ್ಟ ಸಾರ್. ಮುನ್ನೂರು ಸೀಟಿನ ಸಭಾಂಗಣದಲ್ಲಿ ರಂಗನಟನಿಗೆ ಮೈಕಿಲ್ಲದೆಯೂ ದನಿ ಮುಟ್ಟಿಸಲು ಬರಬೇಕು. ಮೈಕ್ ಕೈಕೊಟ್ಟದ್ದು ಗೊತ್ತಾದ ಮೇಲೂ ಅದೇ ದನಿಯಲ್ಲಿ ಮಾತಾಡುತ್ತಿದ್ದರೆ ನಟರ ಅಂಕವೇ ಹೋಗುತ್ತದೆ.

ಸೌಂಡ್‌ಬೋರ್ಡ್
ಗೊತ್ತಾಗುವುದು ಹೇಗೆ? ಸ್ಪೀಕರ್‌ಗಳು ಪ್ರೇಕ್ಷಕರ ಕಡೆ ಮುಖ ಮಾಡಿರುತ್ತವೆ. ರಂಗದ ಮೇಲೆ ನಟರ ಕಡೆ ತಿರುಗಿಸಿದ ಮಾನಿಟರ್ ಸ್ಪೀಕರಿನಲ್ಲಿ ಸಾಮಾನ್ಯವಾಗಿ ಹಾರ್ಮೋನಿಯಂ ಮತ್ತು ಭಾಗವತರ ದನಿ ಮಾತ್ರ ಕೊಟ್ಟಿರುತ್ತಾರೆ. ತನ್ನ ಮೈಕ್ ಸತ್ತದ್ದು ನಟನಿಗೆ ತಿಳಿಯಬೇಕಾದರೆ ಪ್ರೇಕ್ಷಕರ ಗುಸುಗುಸುವೇ ದಾರಿ.

ಶ್ರುತಿಪೆಟ್ಟಿಗೆ
ಪದ್ಮಿನಿಯ ವಿಷಯಕ್ಕೆ ಬರುತ್ತೇನೆ. ಕಂಠ ಒಳ್ಳೆಯದು, ತಕರಾರಿಲ್ಲ. ಆದರೆ ಸವಾರನ ಜೋಗುಳವನ್ನು ಅವರು ಹಾಡಿದ ರೀತಿಗೆ ನಾನು ಅಂಕ ಕಳೆಯುತ್ತೇನೆ. ಎರಡನೇ ಸಾಲಿಗೇ ಸಂಗತಿ ಹಾಕಿದರು, ಅಂದರೆ ಅದೇ ಸಾಲನ್ನು ಬಗೆಬಗೆಯಾಗಿ ಬೆಳೆಸಿ ಹಾಡಿದರು, ಕೊನೆಯಲ್ಲಿ ತಾರ ಷಡ್ಜದ (ಮೇಲಿನ 'ಸ') ಮೇಲೆ ನಿಂತು ಚಪ್ಪಾಳೆ ತೆಗೆದುಕೊಂಡರು. ಈ ಜೋಗುಳಕ್ಕೆ ನಾಟಕದಲ್ಲಿ ಇನ್ನೊಂದು ಕೆಲಸ ಇದೆ. ಪದ್ಮಿನಿ ಚಿತೆಯೇರಿದ ಮೇಲೆ, ನಗು ಮಾತು ಎರಡೂ ಇಲ್ಲದ ಅವಳ ಮಗು ಕುದುರೆ ತಲೆ ಹೊತ್ತು ಹುಟ್ಟಿದ ಹಯವದನನನ್ನು ಕಂಡು ನಗುತ್ತದೆ, ತಾಯಿಯ ಇದೇ ಹಾಡನ್ನು ಹಾಡುತ್ತದೆ. ಅಮ್ಮನ ಹಾಡು ಎಂದು ಪ್ರೇಕ್ಷಕನಿಗೆ ಮೊದಲ ಸಾಲಿನಲ್ಲೇ ಹೊಳೆಯಬೇಕು. ಮಗು ಹಾಡಿದ್ದು ಸಾದಾ ಮಟ್ಟು. ತಾಯಿ ಹಾಡಿದ್ದು ಅದಲ್ಲವೇ ಅಲ್ಲ. ಪಕ್ಕದವರು 'ಇದ್ಯಾವ ಹಾಡು' ಅಂತ ಕೇಳುವ ಹಾಗಾಯಿತು.

ಶ್ರುತಿಯ ಮಾತೂ ಇದೆ. ಭಾಗವತರು ಕಪ್ಪು ಒಂದರಲ್ಲಿ (ಹಾರ್ಮೋನಿಯಂನ ಮೊದಲ ಕಪ್ಪು ಮನೆ) ಹಾಡಿದರು, ಗಂಡಸಿಗೆ ಹಿತವಾದ ಶ್ರುತಿ. ಪದ್ಮಿನಿ ಅದರ ಪಂಚಮವನ್ನೇ ಷಡ್ಜ ಮಾಡಿಕೊಂಡು ಕಪ್ಪು ನಾಲ್ಕರಲ್ಲಿ ಹಾಡಿದರು, ಸರಿಯಾದ ಆಯ್ಕೆ. ಮಗುವಿನ ದನಿಗೂ ಅದೇ ಒಗ್ಗುತ್ತದೆ. ಸೋತದ್ದು ಹೆಂಗಸರ ಮೇಳ. ಪ್ರೀತಿ ಒಂದೇ ದೇಹಕ್ಕೆ ಏಕೆ ಅಂಟಿಕೊಳ್ಳಬೇಕು ಎಂದು ಕೇಳುವ ಹಾಡನ್ನು ಭಾಗವತರ ಕಪ್ಪು ಒಂದರಲ್ಲೇ ಹಾಡಿಸಿದರು. ಕೆಳಗಿನ ಸಾಲುಗಳು ಮಂದ್ರಕ್ಕಿಳಿದು ಮಾತು ಗಾಳಿಯಾಗಿ ಹೋಯಿತು. ಇಡೀ ನಾಟಕದ ತಂಟೆಯ ಪ್ರಶ್ನೆ ಆ ಹಾಡಿನಲ್ಲಿದೆ. ಹಾಡಿದವರನ್ನು ಬೈಯಬೇಡಿ, ಶ್ರುತಿ ಇಟ್ಟವರನ್ನು ಕೇಳಿ.

ಧಾರವಾಡಪೇಡೆ
ಏನ್ರೀ ಇದು, ಚಲೋ ಹಾಡಿದ್ದೂ ತಪ್ಪಾತೇನು? ನಮ್ಮ ಕಡೆ ಕಂಪನಿ ನಾಟಕದಾಗ ಹಿಂಗ ಹಾಡಿದ್ರ ವನ್ಸ್‌ಮೋರ್ ಬಿದ್ದು ನಾಟಕ ನಿಂದರತಿತ್ತು. ಮನಸೂರ ಮಲ್ಲಿಕಾರ್ಜುನರಂಥವರು ಸಣ್ಣವರಿದ್ದಾಗ ವಾಮನರಾವ್ ಮಾಸ್ತರರ ಕಂಪನ್ಯಾಗ ಹಾಡಿ ಬಂದವರು. ರಂಗದ ಮ್ಯಾಲ ಗಾಯಕಿ ಗಾಯಕಿ ಆಗಿರೋದು ಬ್ಯಾಡಂದ್ರ ರಂಗಗೀತೆ ಯಾಕ ಬೇಕು? ಕಾರಂತರೂ ಗುಬ್ಬಿ ಕಂಪನ್ಯಾಗ ಬೆಳದವರ ಅಲ್ಲೇನು?

ಶ್ರುತಿಪೆಟ್ಟಿಗೆ
ಗುಬ್ಬಿ ಕಂಪನಿಯಲ್ಲಿ ಬೆಳೆದವರೇ. ವನ್ಸ್‌ಮೋರ್ ಬಿದ್ದಾಗ ಕಥೆ ಎಲ್ಲಿ ನಿಲ್ಲುತ್ತದೆ ಎಂದು ಅವರಿಗಿಂತ ಚೆನ್ನಾಗಿ ಬಲ್ಲವರು ಯಾರು? ಅವರ ಮಟ್ಟುಗಳನ್ನು ಗಮನಿಸಿ: ಚಿಕ್ಕ ಸಾಲು, ಮಾತಿನ ಲಯ, ಗುಂಪು ತಕ್ಷಣ ಹಿಡಿಯಬಹುದಾದ ಸ್ವರಗಳು. ಹಾಡು ಮುಗಿದ ಕೂಡಲೇ ಮಾತಿಗೆ ಜಾರುತ್ತದೆ. ಮುಖವಾಡದ ಅರ್ಥ, ರಂಗಭೂಮಿಗೂ ಸಂಗೀತಕ್ಕೂ ಇರುವ ನಂಟು ಇವುಗಳ ಬಗ್ಗೆ ಕಾರಂತರ ಜೊತೆ ವಾದ ಮಾಡುವಾಗಲೇ ಈ ನಾಟಕದ ಯೋಚನೆ ರೂಪುಗೊಂಡಿತು ಎಂದು ಕಾರ್ನಾಡರು ತಮ್ಮ ಮೂರು ನಾಟಕಗಳ ಇಂಗ್ಲಿಷ್ ಸಂಪುಟದ ಪೀಠಿಕೆಯಲ್ಲಿ ಬರೆದಿದ್ದಾರೆ. ಇಲ್ಲಿ ಹಾಡು ಕಥೆಯ ಒಂದು ಅಂಗ, ಕಚೇರಿ ಅಲ್ಲ. 'ಸದಾರಮೆ'ಯನ್ನು ಕಂಪನಿ ಶೈಲಿಯಲ್ಲೇ ಮತ್ತೆ ಕಟ್ಟಿದರೆ ಇದೇ ತಾನಕ್ಕೆ ನಾನೇ ಹೆಚ್ಚು ಅಂಕ ಕೊಡುತ್ತೇನೆ.

ಧಾರವಾಡಪೇಡೆ
ಹಂಗಾದ್ರ ನೀವು ತಾಯಿಗೆ ಅಂಕ ಕಳೀಬ್ಯಾಡ್ರಿ, ಕೂಸಿಗೂ ಅದ ಸಂಗತಿ ಕಲಿಸಿ ಅನ್ರಿ. ನನಗಂತೂ ಆ ಜೋಗುಳ ಕೇಳಿ ಮೈ ಜುಂ ಅಂತು. ಈ ಮಾತಿನ್ಯಾಗ ನಾ ಜಗ್ಗೂದಿಲ್ಲ.

ಬಣ್ಣದಚೌಕಿ
ಐದು ವರ್ಷದ ಮಗುವಿಗೆ ಸಂಗತಿಯೇ! ಇರಲಿ. ಪದ್ಮಿನಿಯ ಅಭಿನಯದ ಮಾತನ್ನು ಯಾರೂ ಎತ್ತಲಿಲ್ಲ. ಉಜ್ಜಯಿನಿಗೆ ಹೋಗುವ ಗಾಡಿಯ ದೃಶ್ಯದಲ್ಲಿ ಮುತ್ತೈದೆ ಹೂವಿಗಾಗಿ ಕಪಿಲ ಮರ ಹತ್ತುವಾಗ ಅವಳು ಅವನ ಮೈಯನ್ನು ನೋಡುವ ನೋಟ, ದೇವದತ್ತ ಆ ನೋಟವನ್ನು ನೋಡುವುದು, ಎರಡೂ ಸ್ಪಷ್ಟವಾಗಿ ಬಂದವು. ಗಾಡಿ ಇಲ್ಲ, ಎತ್ತಿಲ್ಲ, ಮೂವರೂ ಒಂದೇ ಕುಲುಕಿನಲ್ಲಿ ಅಲುಗಾಡಬೇಕು. ಅಲ್ಲಿ ಮೂವರಿಗೂ ಪೂರ್ತಿ ಅಂಕ. ಎತ್ತರದವರು 'ಸೊರಗಿದರು' ಎನ್ನುವವರು ಈ ದೃಶ್ಯ ನೆನಪಿಸಿಕೊಳ್ಳಿ; ಅಸೂಯೆಯನ್ನು ಮುಖವಾಡದ ಕೆಳಗಿನ ತುಟಿ ಮತ್ತು ಕತ್ತಿನಿಂದಷ್ಟೇ ತೋರಿಸಿದರು.

ಹಿಂದಿನಸಾಲು
ಗಾಡಿಯ ದೃಶ್ಯ ಒಪ್ಪಿದೆ. ಆದರೆ ದನಿ? ತಲೆ ಬದಲಾದ ಮೇಲೆ ದನಿ ತಲೆಯದೋ ಮೈಯದೋ? ಎರಡನೇ ಅಂಕದಲ್ಲಿ ದೇವದತ್ತನ ಬಾಯಿಂದ ಮೊದಲ ಅಂಕದ ಕಪಿಲನ ದನಿ ಬಂದರೆ ಪ್ರೇಕ್ಷಕನಿಗೆ ಗೊಂದಲವೇ.

ಬಣ್ಣದಚೌಕಿ
ಒಳ್ಳೆಯ ಪ್ರಶ್ನೆ. ಕಂಠ ಬದಲಿಸಲು ಆಗುವುದಿಲ್ಲ, ಬದಲಿಸಬೇಕಾಗಿಯೂ ಇಲ್ಲ. ಆದರೆ ಮಾತಿನ ಓಟ ಬದಲಾಗಬೇಕು. ದೇವದತ್ತ ವಾಕ್ಯ ಮುಗಿಸಿ ನಿಲ್ಲುವವನು. ಕಪಿಲ ಪದಗಳನ್ನು ಒಂದರ ಮೇಲೊಂದು ಎಸೆಯುವವನು. ಇದಕ್ಕೆ ತಾಲೀಮಿನ ಮೊದಲ ವಾರದಿಂದಲೇ ಇಬ್ಬರೂ ಇಬ್ಬರ ಮಾತನ್ನೂ ಬಾಯಿಪಾಠ ಮಾಡಬೇಕು, ವಾರಕ್ಕೊಮ್ಮೆ ಮೊದಲ ಅಂಕವನ್ನೇ ಪಾತ್ರ ಬದಲಿಸಿ ಆಡಿಸಬೇಕು. ಎರಡನೇ ಅಂಕವನ್ನು ಬೇರೆಯಾಗಿ ಕಲಿಸಿದರೆ ಇಬ್ಬರೂ ಹೊಸ ಪಾತ್ರ ಹುಟ್ಟಿಸುತ್ತಾರೆ, ಹಳೆಯ ತಲೆ ಮಾಯ. ಎತ್ತರದವರು ಕಾಡಿನಲ್ಲಿ ಮೊದಲ ಅಂಕದ ಕಪಿಲನ ಓಟವನ್ನು ಕರಾರುವಾಕ್ಕಾಗಿ ಹಿಡಿದರು. ನಿಮ್ಮನ್ನು ಹಿಡಿದು ಕೂರಿಸಿದ್ದು ಅದು, ಫೇಡರ್ ಅಲ್ಲ. ಸೌಂಡ್‌ಬೋರ್ಡ್ ಅವರ ಜೊತೆ ನನಗೆ ಅಷ್ಟು ಭಿನ್ನಾಭಿಪ್ರಾಯ.

ಮುಖವಾಡವೇ ಇಲ್ಲದೆ ಆಡಿಸುವ ತಂಡಗಳೂ ಇವೆ. ಆಗ ಮುಖ, ದನಿ ಇದ್ದಲ್ಲೇ ಇರುತ್ತವೆ, ಇಬ್ಬರೂ ಮೈ ಮಾತ್ರ ಬದಲಿಸಬೇಕು. ನಟನಿಗೆ ಅದು ಇನ್ನೂ ಕಷ್ಟ, ಪ್ರೇಕ್ಷಕನಿಗೆ ಸುಲಭ.

ಶ್ರುತಿಪೆಟ್ಟಿಗೆ
ಭಾಗವತರಿಗೆ 'ಪರವಾಗಿಲ್ಲ' ಎನ್ನುವುದು ಕಡಿಮೆಯಾಯಿತು. ಕಾಳಿಯ ಪ್ರಸಂಗದಲ್ಲಿ ಅಡ್ಡ ಹಿಡಿದ ತೆರೆ ಇಳಿದಾಗ ದೇವಿ ಕೈ ಚಾಚಿ, ಬಾಯಿ ಕಳೆದು, ನಾಲಿಗೆ ಚಾಚಿ ನಿಂತಿರುತ್ತಾಳೆ. ಭಯಂಕರ ರೂಪ ಅಂದುಕೊಳ್ಳುವಷ್ಟರಲ್ಲಿ ಕೈ ಇಳಿಸಿ ಬಾಯಿ ಮುಚ್ಚುತ್ತಾಳೆ, ಅದು ಆಕಳಿಕೆ. ಆ ನಗು ಹುಟ್ಟುವುದು ತಾಳ ನಿಲ್ಲುವ ಹೊತ್ತಿನಲ್ಲಿ. ಡೋಲು ಕಾಳಿಯ ಬಾಯಿ ಮುಚ್ಚುವ ತನಕ ಹೊಡೆಯುತ್ತಿದ್ದು ಠಕ್ಕನೆ ನಿಲ್ಲಬೇಕು. ಭಾಗವತರು ಕಣ್ಣಲ್ಲೇ ಸನ್ನೆ ಮಾಡಿ ನಿಲ್ಲಿಸಿದರು. ಧ್ವನಿಮುದ್ರಿತ ಹಿನ್ನೆಲೆ ಇಟ್ಟುಕೊಂಡ ತಂಡಗಳಲ್ಲಿ ಈ ನಗು ಮೂರು ಪ್ರದರ್ಶನಕ್ಕೊಮ್ಮೆ ಬಿದ್ದರೆ ಪುಣ್ಯ. ಕಾಳಿ ಮಾಡಿದವರಿಗೂ ಶಹಭಾಸ್, ನಿದ್ದೆಗಣ್ಣಿನ ಸಿಡುಕನ್ನು ಕೊನೆಯವರೆಗೂ ಬಿಡಲಿಲ್ಲ.

ಹಯವದನನ ಪಾತ್ರದವರು ಮಾತ್ರ ಪೂರ್ತಿ ಕುದುರೆ ತಲೆಯೊಳಗೆ ಸಿಕ್ಕಿಹಾಕಿಕೊಂಡರು. ಅದು ಪೂರ್ಣ ಮುಖವಾಡ, ಬಾಯಿಯ ಕಡೆ ಬಟ್ಟೆಯ ಜಾಲರಿ ಇಡದಿದ್ದರೆ ವ್ಯಂಜನಗಳೆಲ್ಲ ಸಾಯುತ್ತವೆ.

ಧಾರವಾಡಪೇಡೆ
ಗೊಂಬಿಗಳನ್ನ ಮರತ್ರಿ ನೋಡ್ರಿ ಎಲ್ಲಾರೂ. ಇಬ್ಬರು ಹುಡುಗ್ಯಾರು, ಕಣ್ಣು ಮಿಟುಕಿಸಲಾರದ ಕುಂತು, ಒಬ್ಬಾಕಿ ಮಾತು ಮುಗಿಯೂದರಾಗ ಇನ್ನೊಬ್ಬಾಕಿ ಎತ್ತಿಕೊಂಡು. ಪದ್ಮಿನಿ ಮನಸಿನ್ಯಾಗಿಂದೆಲ್ಲ ಹೊರಗ ಹಾಕಿದವರು ಅವರ. ಸಣ್ಣ ಪಾತ್ರಕ್ಕ ಬಹುಮಾನ ಇದ್ರ ಅವರಿಗೇ ಹೋಗಬೇಕು. ಇದಕ್ಕ ಯಾರದರ ತಕರಾರು ಐತೇನು?

ಹಿಂದಿನಸಾಲು
ತಕರಾರಿಲ್ಲ. ನನ್ನ ಪಟ್ಟಿ ಹೀಗೆ ತಿದ್ದುತ್ತೇನೆ: ಎತ್ತರದವರು ಮೊದಲು, ಗೊಂಬೆಗಳು ಮತ್ತು ಭಾಗವತರು ನಂತರ, ಪದ್ಮಿನಿ ಅಭಿನಯಕ್ಕೆ ಮೂರನೆಯವರು. ಹಾಡಿನ ಜಗಳ ನೀವಿಬ್ಬರೇ ಮುಗಿಸಿಕೊಳ್ಳಿ. ಗಟ್ಟಿಮೈಯವರ ಬಗ್ಗೆ ಮೈಕ್ ಸರಿಯಿರುವ ಪ್ರದರ್ಶನ ನೋಡದೆ ತೀರ್ಪು ಕೊಡುವುದಿಲ್ಲ. ಆದರೆ ದನಿ ಏರಿಸದ್ದಕ್ಕೆ ಎರಡು ಅಂಕ ಕಳೆದೇ ಕಳೆಯುತ್ತೇನೆ.

ಸೌಂಡ್‌ಬೋರ್ಡ್
ತಂಡದವರು ಇದನ್ನು ಓದುತ್ತಿದ್ದರೆ: ಬೋರ್ಡಿನ ಪಟ್ಟಿಯಲ್ಲಿ ಪಾತ್ರದ ಹೆಸರು ಅಳಿಸಿ ನಟರ ಹೆಸರು ಬರೆಯಿರಿ. ಮೊದಲ ಅಂಕದ ಕೊನೆಗೆ ಭಾಗವತರು ಚಹಾ ಕುಡಿಯಲು ಕಳಿಸುವ ಹತ್ತು ನಿಮಿಷದಲ್ಲಿ ಇಬ್ಬರನ್ನೂ ಪರದೆಯ ಹಿಂದೆ ನಿಲ್ಲಿಸಿ, ಹೊಸ ಮುಖವಾಡದಲ್ಲೇ ಒಂದೊಂದು ಸಾಲು ಹೇಳಿಸಿ, ಹೆಡ್‌ಫೋನಿನಲ್ಲಿ ಕೇಳಿ ಮಟ್ಟ ಹೊಂದಿಸಿ. ಕಾಳಗಕ್ಕೆ ಮುಂಚೆ ಇಬ್ಬರ ಮೈಕೂ ಅರ್ಧಕ್ಕೆ ಇಳಿಸಿ.