ರಾಜ್ಯಗಳನ್ನೇ ರದ್ದು ಮಾಡಿದ ಕಾಕಾ

ಕಾಕಾ (ಮನೆಯವರ ಗ್ರೂಪಿಗೆ ಫಾರ್ವರ್ಡ್): ಒಂದೇ ದೇಶ, ಒಂದೇ ಸರ್ಕಾರ! ರಾಜ್ಯ ಸರ್ಕಾರಗಳು ಬೇಡ. ಎಂಎಲ್‌ಎ, ಮಂತ್ರಿಗಳ ಖರ್ಚು ಉಳಿಯುತ್ತದೆ.

ಕಾಕಾ: ನೂರಕ್ಕೆ ನೂರು ಸರಿ. ಮಹದಾಯಿ ನದಿ ನೋಡಿ. ಮೂರು ರಾಜ್ಯ ಜಗಳ ಆಡುತ್ತಾ ಕೂತವು, ಹುಬ್ಬಳ್ಳಿಗೆ ನೀರು ಬರಲಿಲ್ಲ.

ನಾನು: ಹುಬ್ಬಳ್ಳಿ-ಅಂಕೋಲಾ ರೈಲು ಮಾರ್ಗಕ್ಕೆ ಯಾವ ರಾಜ್ಯದ ಜಗಳ ಕಾಕಾ? ರೈಲ್ವೆ ಪೂರ್ತಿ ಕೇಂದ್ರದ್ದೇ. ಆದರೂ ದಶಕಗಳಿಂದ ನೇತಾಡುತ್ತಿದೆ ಅಲ್ವಾ?

ಗದಗ ಅಕ್ಕ: 😂😂

ತಮ್ಮ: ಹಾಗಂತ ಎಲ್ಲಾ ರಾಜ್ಯಕ್ಕೇ ಬಿಟ್ಟರೂ ಆಗಲ್ಲ. ಮಹದಾಯಿಗೆ 2010ರಲ್ಲಿ ನ್ಯಾಯಮಂಡಳಿ ಮಾಡಿದ್ದು ಕೇಂದ್ರ. 2018ರ ತೀರ್ಪಿನಲ್ಲಿ ನಮಗೆ 13.42 ಟಿಎಂಸಿ ಬಂತು. ಗೋವಾದವರ ಜೊತೆ ನಾವೇ ಕೂತು ಮುಗಿಸಬೇಕಿದ್ದರೆ ಅದೂ ಇಲ್ಲ.

ನಾನು: ಅದು ಸರಿ. ಸೈನ್ಯ, ರೈಲ್ವೆ, ನೋಟು ಕೇಂದ್ರಕ್ಕೆ. ಪೊಲೀಸ್, ಕೃಷಿ, ಆಸ್ಪತ್ರೆ ರಾಜ್ಯಕ್ಕೆ. ಸಂವಿಧಾನದಲ್ಲಿ ಪಟ್ಟಿಯೇ ಇದೆ. ಒಂದೇ ಸರ್ಕಾರ ಅಂದರೆ ಎಲ್ಲಾ ಲೋಕಸಭೆಯ ತಲೆ ಎಣಿಕೆಗೆ ಬರುತ್ತದೆ ಕಾಕಾ. ಗೋವಾಕ್ಕೆ 2 ಸೀಟು, ನಮಗೆ 28, ಗೆದ್ದೆವು ಅಂದುಕೊಳ್ಳಿ. ಮರುದಿನ ಉತ್ತರ ಪ್ರದೇಶದ 80ರ ಮುಂದೆ ನಮ್ಮ ಗತಿ?

ಕಾಕಾ: ಈಗ ಬೆಂಗಳೂರಾದರೂ ನಮ್ಮ ಮಾತು ಕೇಳುತ್ತಾ?

ಗದಗ ಅಕ್ಕ: ಕೇಳಲ್ಲ, ನಿಜ. ಅದಕ್ಕೆ ಜಿಲ್ಲೆಗೆ ಇನ್ನೂ ಜಾಸ್ತಿ ಅಧಿಕಾರ ಕೊಡಿ ಅನ್ನಬೇಕು, ದಿಲ್ಲಿಗೆ ಕೊಡಿ ಅಂತಲ್ಲ. 1997ರಲ್ಲಿ ಗದಗ ಜಿಲ್ಲೆ ಆದ ಮೇಲೆ ಡಿಸಿ ಆಫೀಸ್ ಕೆಲಸಕ್ಕೆ ಧಾರವಾಡಕ್ಕೆ ಓಡುವುದು ತಪ್ಪಿತು. ನೀವು ನಮ್ಮನ್ನು ನೇರ ದಿಲ್ಲಿಗೇ ಓಡಿಸುತ್ತಿದ್ದೀರಿ.

ನಾನು: ಇನ್ನೊಂದು. ಎಲ್ಲಾ ಒಂದೇ ಕೈಯಲ್ಲಿದ್ದರೆ ಆ ಕೈ ತಡೆಯುವವರು ಯಾರು? 1989ರಲ್ಲಿ ಎಸ್.ಆರ್. ಬೊಮ್ಮಾಯಿ ಸರ್ಕಾರವನ್ನು, ಸದನದಲ್ಲಿ ಬಹುಮತ ತೋರಿಸಲೂ ಬಿಡದೆ, ದಿಲ್ಲಿಯವರು ವಜಾ ಮಾಡಿದರು. ಹುಬ್ಬಳ್ಳಿ ಗ್ರಾಮೀಣದಿಂದ ಗೆದ್ದು ಬಂದವರು ಅವರು. 1994ರಲ್ಲಿ ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠ ಬಹುಮತ ಸದನದಲ್ಲೇ ಸಾಬೀತಾಗಬೇಕು, ರಾಜ್ಯಪಾಲರ ಅಂದಾಜಿನಲ್ಲಲ್ಲ ಎಂದಿತು. ಆಮೇಲೆ ರಾಷ್ಟ್ರಪತಿ ಆಳ್ವಿಕೆಯ 356ನೇ ವಿಧಿ ಹಿಡಿದು ಸರ್ಕಾರ ಕೆಡವುವುದು ಅಷ್ಟು ಸಲೀಸಾಗಿ ಉಳಿಯಲಿಲ್ಲ. ಎಲ್ಲಿ ಸರ್ಕಾರ ಅಲುಗಾಡಿದರೂ ವಕೀಲರು ಬೊಮ್ಮಾಯಿ ಕೇಸ್ ಅನ್ನುತ್ತಾರೆ, ಇಲ್ಲಿ ನಮ್ಮ ಕಾಕಾ ರಾಜ್ಯಗಳೇ ಬೇಡ ಅನ್ನುತ್ತಾರೆ!

ಕಾಕಾ: ಅದೆಲ್ಲ ಇರಲಿ. ಖರ್ಚಿಗೆ ಉತ್ತರ ಕೊಡಲಿಲ್ಲ ನೀನು.

ತಮ್ಮ: ರಾಜ್ಯ ತೆಗೆದರೂ ಮಾಸ್ತರರು, ಪೊಲೀಸರು, ನರ್ಸ್‌ಗಳು ಬೇಕಲ್ಲ ಕಾಕಾ? ಸಂಬಳ ಯಾರೋ ಕೊಡಲೇಬೇಕು. ಉಳಿಯೋದು ಎಂಎಲ್‌ಎಗಳದ್ದು ಮಾತ್ರ.

ಕಾಕಾ: ಅದಾದರೂ ಉಳಿಯಲಿ ಬಿಡು.

ಗದಗ ಅಕ್ಕ: ಕಾಕಾ, ಹೋದ ಎಲೆಕ್ಷನ್‌ನಲ್ಲಿ ಎಂಎಲ್‌ಎ ಪ್ರಚಾರಕ್ಕೆ ಓಣಿ ಓಣಿ ಸುತ್ತಿದವರು ನೀವೇ ಅಲ್ವಾ?